ಭಾಷಣಕಾರರ ಬೆನ್ನ ಹಿಂದೆ ಜನ ಕೂರಿಸಿದ್ದು: ನನ್ನ ಅನುಭವ

2024ರ ಲೋಕಸಭೆ ಚುನಾವಣೆ ಮುಗಿದ ವಾರ ಹಾವೇರಿ, ಚಿತ್ರದುರ್ಗ, ಶಿವಮೊಗ್ಗ ಕಡೆಯ ಪೆಂಡಾಲ್‌ನವರು ನನಗೆ ಫೋನ್ ಮಾಡಿದರು. ನಮ್ಮ ಭಾಗದಲ್ಲಿ ಮೇ 7ಕ್ಕೆ ಮತದಾನ ಇತ್ತು. ಅದಕ್ಕೂ ಮುಂಚೆ ಒಂದು ಪ್ರಚಾರ ಸಭೆಗೆ ನಾನು ಕಟ್ಟಿದ ಸ್ಟೇಜಿನ ವಿಡಿಯೋ ಅವರೆಲ್ಲ ನೋಡಿದ್ದರು. ‘ಹಿಂದೆ ಜನ ಕೂರಿಸಿದ್ದು ಹೆಂಗೆ?’ ಅಂತ ಎಲ್ಲರದೂ ಒಂದೇ ಪ್ರಶ್ನೆ. 2018ರಲ್ಲಿ ‘ಇದು ನಡೆಯೋದಲ್ಲ ಬಿಡು’ ಎಂದವರೂ ಅವರಲ್ಲಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಸ್ಟೇಜ್ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಹಿಂದೆ ದೊಡ್ಡ ಫ್ಲೆಕ್ಸ್, ಅದರ ಮುಂದೆ ಮೂವತ್ತು ನಲವತ್ತು ಕುರ್ಚಿ, ಅದರಲ್ಲಿ ಲೀಡರ್‌ಗಳು. ಭಾಷಣ ನಡೆಯುವಾಗ ಅರ್ಧ ಜನ ಫೋನ್ ನೋಡುತ್ತಾರೆ, ಇನ್ನರ್ಧ ಪಕ್ಕದವರ ಕಿವಿಯಲ್ಲಿ ಮಾತಾಡುತ್ತಾರೆ. ಟಿವಿಯಲ್ಲಿ ಭಾಷಣಕಾರರ ಮುಖದ ಜೊತೆ ಕಾಣುವುದು ಇದೇ. ಅಮೆರಿಕದಲ್ಲಿ 2008ರ ಚುನಾವಣೆ ವೇಳೆ ಒಬಾಮ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಸಾಮಾನ್ಯ ಜನ ಕೂತಿದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ನನ್ನ ತಲೆಯಲ್ಲಿ ಇದು ಓಡುತ್ತಿತ್ತು.

ಮೊದಲ ಸಲ ಮಾಡಿದ್ದು 2018ರ ವಿಧಾನಸಭೆ ಚುನಾವಣೆಯಲ್ಲಿ. ಭಾಷಣಕಾರರ ಬೆನ್ನ ಹಿಂದೆ 60 ಜನ ಕೂರುವ ಮೆಟ್ಟಿಲು ಗ್ಯಾಲರಿ. ಕಬ್ಬಿಣ, ಹಲಗೆ, ಕೂಲಿ ಸೇರಿ ಸುಮಾರು 35 ಸಾವಿರ ಜಾಸ್ತಿ ಬಿತ್ತು. ಆಗ ಅಭ್ಯರ್ಥಿಯ ಖರ್ಚಿನ ಮಿತಿ 28 ಲಕ್ಷ. ಒಂದೊಂದು ಕುರ್ಚಿಯೂ ಲೆಕ್ಕಕ್ಕೆ ಹೋಗುತ್ತದೆ, ಆಯೋಗದವರ ವಿಡಿಯೋ ತಂಡ ಎದುರಿಗೇ ನಿಂತಿರುತ್ತದೆ. ‘ಈ ಮೆಟ್ಟಿಲಿಗೆ ಯಾಕಪ್ಪ ದುಡ್ಡು?’ ಅಂತ ಅಭ್ಯರ್ಥಿ ಕಡೆಯವರು ಮೊದಲ ದಿನದಿಂದಲೇ ಗೊಣಗಿದರು. ಜನರನ್ನು ಎರಡು ಗಂಟೆಗೇ ಹತ್ತಿಸಿ ಕೂರಿಸಿದೆವು. ದೊಡ್ಡ ನಾಯಕರು ಬಂದಿದ್ದು ಐದೂವರೆಗೆ. ಮೇ ತಿಂಗಳ ಬಿಸಿಲು. ಅಷ್ಟೊತ್ತಿಗೆ ಹಿಂದಿನವರೆಲ್ಲ ಬಾಡಿ ಹೋಗಿದ್ದರು. ನಾಯಕರು ರೈತರ ಬಗ್ಗೆ ಮಾತಾಡುವಾಗ ಸರಿಯಾಗಿ ಅವರ ಭುಜದ ಮೇಲೆ ಒಬ್ಬ ಹುಡುಗ ಬಾಯಿ ತೆಗೆದು ಆಕಳಿಸಿದ. ಆ ತುಣುಕು ರಾತ್ರಿಯೊಳಗೆ ಎಲ್ಲ ವಾಟ್ಸಾಪ್ ಗುಂಪಿಗೂ ಹೋಯಿತು. ಆ ಅಭ್ಯರ್ಥಿ ಸೋತರು. ನನಗೆ ಬರಬೇಕಿದ್ದ 1 ಲಕ್ಷದ ಚಿಲ್ಲರೆ ಇವತ್ತಿಗೂ ಬಂದಿಲ್ಲ.

2023ರಲ್ಲಿ ಮತ್ತೆ ಕೈ ಹಾಕಿದೆ. ಮಿತಿ 40 ಲಕ್ಷಕ್ಕೆ ಏರಿತ್ತು, ಸ್ವಲ್ಪ ಕೈ ಆಡುತ್ತಿತ್ತು. ಈ ಸಲ ಬರೀ ಹುಡುಗರು, ಎಲ್ಲರ ಹೆಗಲ ಮೇಲೂ ಒಂದೇ ಬಣ್ಣದ ಶಾಲು. ಕ್ಯಾಮೆರಾದಲ್ಲಿ ನೋಡಿದರೆ ಬಾಡಿಗೆ ಜನ ಅಂತ ಯಾರಿಗಾದರೂ ಗೊತ್ತಾಗುವ ಹಾಗಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಸೌಂಡಿನಲ್ಲಿ ಬಿತ್ತು. ಹಿಂದೆ ಕೂತ ಒಬ್ಬನ ಫೋನ್ ರಿಂಗ್ ಆಯಿತು. ಅದು ಇಡೀ ಮೈದಾನಕ್ಕೆ ಕೇಳಿಸಿತು! ಅಭ್ಯರ್ಥಿಗೆ ಮಾತು ತಪ್ಪಿ ಹೋಯಿತು.

ಆ ರಾತ್ರಿ ಗೋಡೌನಿನಲ್ಲಿ ಪೋಡಿಯಂ ಇಟ್ಟು ಮೈಕ್ ಹಾಕಿ ಕೂತೆ. ಆಗ ಹೊಳೆಯಿತು. ಪೋಡಿಯಂ ಮೈಕಿನ ಮುಖ ಇರುವುದು ಭಾಷಣಕಾರರ ಕಡೆಗೆ, ಅಂದರೆ ಸ್ಟೇಜಿನ ಹಿಂಭಾಗಕ್ಕೆ. ಎದುರಿಗಿರುವ ಸಾವಿರಾರು ಜನರ ಸದ್ದನ್ನು ಅದು ಆದಷ್ಟು ಬಿಟ್ಟುಬಿಡುತ್ತದೆ, ಬೆನ್ನ ಹಿಂದೆ ಕೂತವರ ಸದ್ದನ್ನು ಹಿಡಿಯುತ್ತದೆ. ಕೆಮ್ಮು ಹಿಡಿಯುತ್ತದೆ ಅಂದರೆ ಚಪ್ಪಾಳೆಯನ್ನೂ ಹಿಡಿಯುತ್ತದೆ, ನಗುವನ್ನೂ ಹಿಡಿಯುತ್ತದೆ, ಅಲ್ವಾ? ಐದು ವರ್ಷ ನಾನು ಗ್ಯಾಲರಿಯನ್ನು ಬರೀ ಕಣ್ಣಿಗೆ ಅಂದುಕೊಂಡಿದ್ದೆ. ಅದರ ನಿಜವಾದ ಕೆಲಸ ಕಿವಿಗೆ.

ಬಯಲಿನಲ್ಲಿ ಮಾತಾಡುವವರ ಕಷ್ಟ ಯೋಚಿಸಿ. ಸ್ಟೇಜ್ ಮುಂದೆ ಭದ್ರತೆಗೆ ಅಂತ ಬಿಡುವ ‘ಡಿ’ ಜಾಗ 50-60 ಅಡಿ ಖಾಲಿ. ಮೇಲೆ ಸೂರಿಲ್ಲ. ಜನರ ಚಪ್ಪಾಳೆ ಗಾಳಿಗೆ ಹೋಗುತ್ತದೆ, ಸ್ಟೇಜಿಗೆ ಬರುವಷ್ಟರಲ್ಲಿ ಸತ್ತಿರುತ್ತದೆ. ಜನಕ್ಕೆ ಮುಟ್ಟಿಲ್ಲ ಅಂದುಕೊಂಡು ಅವರು ಕೂಗಲು ಶುರು ಮಾಡುತ್ತಾರೆ. ನಮ್ಮ ನಾಯಕರು ಕೂಗಾಡುವುದಕ್ಕೆ ಅರ್ಧ ಕಾರಣ ನಾವು ಹಾಕುವ ಸ್ಟೇಜ್ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಚಪ್ಪಾಳೆ ಶುರು ಮಾಡುವ ಹುಡುಗರನ್ನು ಮೈದಾನದ ಕೊನೆಯಲ್ಲಿ ನಿಲ್ಲಿಸಿದೆ, ಏನೂ ಪ್ರಯೋಜನ ಆಗಲಿಲ್ಲ. ಮೈದಾನದ ಹಿಂಭಾಗದ ಎಲ್‌ಇಡಿ ವಾಲ್ ಪಕ್ಕ ಇಟ್ಟ ಸ್ಪೀಕರಿಗೆ ಡಿಲೇ ಹಾಕಿಸಿದೆ, ಅಂದರೆ ಸ್ಟೇಜಿನ ಸದ್ದು ಅಲ್ಲಿಗೆ ಮುಟ್ಟುವ ಹೊತ್ತಿಗೇ ಅದರ ಸದ್ದೂ ಬರುವ ಹಾಗೆ ತಡ ಮಾಡಿಸಿದೆ. ಲೆಕ್ಕ ಸುಲಭ, ಪ್ರತಿ 100 ಅಡಿಗೆ ಸುಮಾರು 90 ಮಿಲಿಸೆಕೆಂಡ್. ಅದಕ್ಕೂ ಮುಂಚೆ ಒಂದೊಂದು ಮಾತೂ ಎರಡೆರಡು ಸಲ ಕೇಳಿ ಹಿಂದಿನ ಜನ ಎದ್ದು ಹೋಗುತ್ತಿದ್ದರು. ಇದೊಂದರಿಂದಲೇ ಕೊನೆಯ ಸಾಲಿನವರು ಕೂತು ಕೇಳಿದರು. ಸೌಂಡಿನವರು ಇದನ್ನು ಮಾಡದಿದ್ದರೆ ಜಗಳ ಆಡಿ ಮಾಡಿಸಿ. ಇನ್ನೊಂದು, ಖಾಲಿ ಕುರ್ಚಿ ಕಾಣಬಾರದು ಅಂದರೆ, ಐದು ಸಾವಿರ ಕುರ್ಚಿ ಹೇಳಿದರೆ ಮೂರೂವರೆ ಸಾವಿರ ಹಾಕಿ, ಉಳಿದದ್ದು ಪೇರಿಸಿಡಿ. ಜನ ಬಂದ ಹಾಗೆ ಹಾಕಿದರಾಯಿತು.

ಇನ್ನು ದಿಕ್ಕು. ವಾಸ್ತು ಅಂತ ಎಲ್ಲರೂ ಪೂರ್ವಕ್ಕೆ ಮುಖ ಮಾಡಿಸಿ ಅನ್ನುತ್ತಾರೆ. ಸಂಜೆ ನಾಲ್ಕರ ಸಭೆಗೆ ಅದು ಆಗುವುದಿಲ್ಲ. ಸೂರ್ಯ ಸ್ಟೇಜಿನ ಹಿಂದೆ ಇರುತ್ತಾನೆ, ಜನರ ಕಣ್ಣಿಗೆ ಹೊಡೆಯುತ್ತಾನೆ, ಕ್ಯಾಮೆರಾದಲ್ಲಿ ನಾಯಕರ ಮುಖ ಕಪ್ಪು. ನಾನು ಉತ್ತರಕ್ಕೆ ಒಪ್ಪಿಸುತ್ತೇನೆ, ವಾಸ್ತುವಿಗೂ ಅದು ಸರಿ. ಮೇ ತಿಂಗಳಲ್ಲಿ ಸೂರ್ಯ ಪಶ್ಚಿಮದಿಂದ ಸ್ವಲ್ಪ ಉತ್ತರಕ್ಕೆ ಸರಿದು ಇಳಿಯುತ್ತಾನೆ. ಹಾಗಾಗಿ ಎಡಗೆನ್ನೆಗೆ ಒಳ್ಳೆ ಬೆಳಕು ಸಿಗುತ್ತದೆ. ಹಿಂದೆ ಬಿಳಿ ಫ್ಲೆಕ್ಸ್ ಮಾತ್ರ ಬೇಡ. ಅಮೆರಿಕದ ಅಧ್ಯಕ್ಷ ಚುನಾವಣೆಯ 1960ರ ಟಿವಿ ಚರ್ಚೆಯಲ್ಲಿ ಅಭ್ಯರ್ಥಿ ನಿಕ್ಸನ್ ಹಾಕಿದ್ದ ಬೂದು ಸೂಟು ಹಿನ್ನೆಲೆಯ ಗೋಡೆಯಲ್ಲಿ ಕರಗಿ ಹೋಗಿತ್ತು. ನಮ್ಮವರ ಬಿಳಿ ಶರ್ಟಿಗೂ ಅದೇ ಗತಿ. ನಾನು ಯಾವ ಬಣ್ಣ ಹಾಕುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

2024ರದ್ದಕ್ಕೆ ಬರುತ್ತೇನೆ. 60 ಜನರ ಬದಲು 34. ಮೂರು ಮೆಟ್ಟಿಲು, ಪೋಡಿಯಂನಿಂದ ಮೊದಲ ಸಾಲಿಗೆ 9 ಅಡಿ. ಎಲ್ಲರ ಫೋನ್ ಕೆಳಗೆ ಒಂದು ಪೆಟ್ಟಿಗೆಗೆ. ನಾಯಕರ ಕಾರು ಇಪ್ಪತ್ತು ನಿಮಿಷ ದೂರ ಇದೆ ಅಂತ ಖಚಿತವಾದ ಮೇಲೇ ಹತ್ತಿಸಿದೆ. ಅಲ್ಲಿಯವರೆಗೆ ನೆರಳಲ್ಲಿ ಮಜ್ಜಿಗೆ, ಫ್ಯಾನು. ಶಾಲಿಲ್ಲ, ಬಾವುಟ ಇಲ್ಲ, ಮನೆಯಲ್ಲಿ ಉಟ್ಟ ಬಟ್ಟೆ. ಅರ್ಧಕ್ಕರ್ಧ ಹೆಂಗಸರು. ಯಾರನ್ನು ಆರಿಸಬೇಕು ಅನ್ನುವುದರಲ್ಲೇ ಮುಕ್ಕಾಲು ಕೆಲಸ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಚಪ್ಪಾಳೆ ತಟ್ಟಿ ಅಂತ ಯಾರಿಗೂ ಹೇಳಿಕೊಟ್ಟಿರಲಿಲ್ಲ ಅನ್ನುವುದಷ್ಟು ಹೇಳುತ್ತೇನೆ.

ಲೀಡರ್‌ಗಳನ್ನು ಒಪ್ಪಿಸಿದ್ದೇ ದೊಡ್ಡ ಸಾಹಸ. ‘ಸ್ಟೇಜ್ ಮೇಲೆ ಕುರ್ಚಿ ಇಲ್ಲ ಅಂದ್ರೆ ನಾವೇನು ಕೆಳಗೆ ಕೂರಬೇಕೇನಯ್ಯಾ?’ ಅಂತ ಒಬ್ಬ ಹಿರಿಯರು ಎಲ್ಲರ ಎದುರು ರೇಗಿದರು. ‘ಇಲ್ಲ ಅಣ್ಣಾವ್ರೇ, ನಿಮಗೆ ಬೇರೆ ಸ್ಟೇಜ್ ಹಾಕ್ತೀನಿ, ಸೋಫಾ ಹಾಕ್ತೀನಿ’ ಎಂದೆ. ಎಡಗಡೆ ಎರಡಡಿ ತಗ್ಗಿನಲ್ಲಿ 24 ಸೋಫಾ ಸೀಟಿನ ಪಕ್ಕದ ವೇದಿಕೆ ಮಾಡಿದೆ. ಒಬ್ಬೊಬ್ಬರ ಹೆಸರನ್ನೂ ಕೂಗಿಸಿದೆ. ಎಲ್ಲ ಸೇರಿ 55 ಸಾವಿರದ ಹತ್ತಿರ ಜಾಸ್ತಿ ಆಯಿತು. ಅದರಲ್ಲಿ 20 ಸಾವಿರ ನನ್ನ ಕೈಯಿಂದ ಹಾಕಿದೆ, ಮಗಳ ಕಾಲೇಜು ಫೀಸಿಗೆ ಇಟ್ಟಿದ್ದ ದುಡ್ಡು.

ಆ ನಾಯಕರು ನಲವತ್ತು ನಿಮಿಷ ಕೂಗುವವರು ಅಂತಲೇ ಹೆಸರು. ಅವತ್ತೂ ಜೋರಾಗಿಯೇ ಶುರು ಮಾಡಿದರು. ಎರಡನೇ ನಿಮಿಷಕ್ಕೆ ಹಿಂದಿನಿಂದ ಸಣ್ಣ ನಗು ಬಂತು, ಮೈಕ್ ಹಿಡಿಯಿತು, ಮೈದಾನ ಪೂರ್ತಿ ಕೇಳಿ ನಕ್ಕಿತು. ಅವರು ಒಮ್ಮೆ ತಿರುಗಿ ನೋಡಿದರು. ಆಮೇಲೆ ದನಿ ಇಳಿಯಿತು. ಕುಡಿಯುವ ನೀರಿನ ಮಾತು ಬಂದಾಗ ‘ವಾರಕ್ಕೆ ಎಷ್ಟು ಸಲ ಬಿಡ್ತಾರಮ್ಮ?’ ಅಂತ ಹಿಂದೆ ತಿರುಗಿ ಕೇಳಿದರು. ಮೊದಲ ಸಾಲಿನ ಅಜ್ಜಿ ‘ವಾರಕ್ಕೆಲ್ಲಿ ಬಿಡ್ತಾರಪ್ಪ, ಹತ್ತು ದಿನಕ್ಕೊಂದ್ಸಲ’ ಅಂದರು. ಅಷ್ಟು ದೊಡ್ಡ ಮೈದಾನ ಒಂದು ಗಳಿಗೆ ಗಪ್‌ಚುಪ್. ಇಪ್ಪತ್ತೆರಡು ನಿಮಿಷಕ್ಕೆ ಭಾಷಣ ಮುಗಿಯಿತು, ಒಬ್ಬರೂ ಎದ್ದು ಹೋಗಿರಲಿಲ್ಲ. ನಾನು ಜನರೇಟರ್ ಪಕ್ಕ ನಿಂತಿದ್ದೆ, ಕಣ್ಣಲ್ಲಿ ನೀರು ಬಂತು.

ನಾಲ್ಕು ದಿನದಲ್ಲಿ ಪೂರ್ತಿ ಬಿಲ್ ಬಂತು. ಗೋಡೌನಿನಲ್ಲಿ ಈಗ 12 ಜನರ ಸಣ್ಣ ಗ್ಯಾಲರಿಗೆ ಕಬ್ಬಿಣ ಕತ್ತರಿಸಿಟ್ಟಿದ್ದೇನೆ, ಜಿಲ್ಲಾ ಪಂಚಾಯಿತಿ ಸ್ಟೇಜಿನ ಅಳತೆಗೆ. ಮೆಟ್ಟಿಲು 9 ಇಂಚು ಇದ್ದದ್ದನ್ನು 7ಕ್ಕೆ ಇಳಿಸಿದ್ದೇನೆ. ಆ ಅಜ್ಜಿಗೆ ಹತ್ತಲು ಕಷ್ಟ ಆಗಿತ್ತು.