ಈಲ್ಡ್ ಆಮೇಲೆ, ಮೊದಲು ವರ್ಕಪ್ ಹೇಳಿ: ಅಮೈಡ್ ರೀಏಜೆಂಟ್‌ಗಳ ಜೊತೆ ನನ್ನ ಅನುಭವ

ಯಾರಾದರೂ ಹೊಸ ರೀಏಜೆಂಟ್ (ರಿಯಾಕ್ಷನ್ ನಡೆಸಲು ಹಾಕುವ ರಾಸಾಯನಿಕ) ಒಂದನ್ನು ಹೊಗಳಿದರೆ ನಾನು ಈಲ್ಡ್ ಎಷ್ಟು, ಅಂದರೆ ಎಷ್ಟು ಮಾಲು ಸಿಕ್ಕಿತು ಅಂತ ಕೇಳುವುದಿಲ್ಲ. ರಿಯಾಕ್ಷನ್ ಮುಗಿದ ಮೇಲೆ ಫ್ಲಾಸ್ಕಿನಲ್ಲಿ ಏನೇನು ಉಳಿಯಿತು, ಅದನ್ನು ಹೇಗೆ ತೆಗೆದಿರಿ ಅಂತ ಕೇಳುತ್ತೇನೆ. ಪೇಪರ್‌ಗಳಲ್ಲಿ ಈಲ್ಡ್ ಎದ್ದು ಕಾಣುವ ಹಾಗೆ ಇರುತ್ತದೆ. ವರ್ಕಪ್, ಅಂದರೆ ಕಸ ತೊಳೆದು ಮಾಲು ಬೇರ್ಪಡಿಸುವ ಕೆಲಸ, ಮಾತ್ರ ಕೊನೆಯಲ್ಲಿ ಎಲ್ಲೋ ಎರಡು ಸಾಲು. ಲ್ಯಾಬಿನಲ್ಲಿ ನಮ್ಮ ದಿನ ಕಳೆಯುವುದು ಆ ಎರಡು ಸಾಲಿನಲ್ಲೇ ಅಲ್ವಾ?

ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮುಗಿಸಿ ನಂಜನಗೂಡಿನ ಒಂದು ಔಷಧ ಕಂಪನಿಯ ಲ್ಯಾಬ್ ಸೇರಿದವನು ನಾನು. ಅಲ್ಲಿಂದ ಇಲ್ಲಿಯವರೆಗೆ ಜಾಸ್ತಿ ಮಾಡಿರುವುದು ಅಮೈಡ್. ಒಂದು ಕಡೆ ಆಸಿಡ್, ಇನ್ನೊಂದು ಕಡೆ ಅಮೀನ್, ನಡುವಿನಿಂದ ಒಂದು ನೀರಿನ ಅಣು ತೆಗೆದು ಎರಡನ್ನೂ ಕೂಡಿಸಬೇಕು. ಕೇಳೋಕೆ ಸುಲಭ. ಆದರೆ ಸುಮ್ನೆ ಬೆರೆಸಿಟ್ಟರೆ ಎರಡೂ ಸೇರಿ ಸಾಲ್ಟ್ ಆಗಿ ಕೂರುತ್ತವೆ, ಮುಂದಕ್ಕೆ ಹೋಗುವುದಿಲ್ಲ. ಅದಕ್ಕೇ ಎರಡನ್ನೂ ಕೂಡಿಸುವ ಕಪ್ಲಿಂಗ್ ರೀಏಜೆಂಟ್ ಬೇಕು. 2007ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಹಸಿರು ರಸಾಯನ ವಿಭಾಗದ ಜೊತೆ ಸೇರಿದ್ದ ದೊಡ್ಡ ಔಷಧ ಕಂಪನಿಗಳು ತಮಗೆ ಯಾವ ರಿಯಾಕ್ಷನ್ ಸುಧಾರಿಸಬೇಕು ಅಂತ ಪಟ್ಟಿ ಮಾಡಿದಾಗ, ಕಡಿಮೆ ಕಸದಲ್ಲಿ ಅಮೈಡ್ ಮಾಡುವುದು ಅದರಲ್ಲಿ ಮೊದಲ ಸಾಲಿಗೆ ಬಂತು. ಅಷ್ಟು ಹಳೆಯ ರಿಯಾಕ್ಷನ್‌ಗೆ ಅಷ್ಟು ಗೋಳು!

ನಾನು ಕೈ ಪಳಗಿಸಿದ್ದು ಡಿಸಿಸಿ ಎಂಬ ಕಪ್ಲಿಂಗ್ ರೀಏಜೆಂಟ್‌ನಲ್ಲಿ. 1955ರಲ್ಲಿ ಶೀಹನ್ ಮತ್ತು ಹೆಸ್ ಪೆಪ್ಟೈಡ್ (ಅಮೈನೊ ಆಸಿಡ್‌ಗಳ ಸರಪಳಿ) ಕಟ್ಟೋಕೆ ಬಳಕೆಗೆ ತಂದದ್ದು. ಇವತ್ತಿಗೂ ಅಗ್ಗ, ಇವತ್ತಿಗೂ ಕೆಲಸ ಮಾಡುತ್ತದೆ. ಕರಗುವುದು 34–35 ಡಿಗ್ರಿಗೆ. ಹಾಗಾಗಿ ಡಿಸೆಂಬರ್‌ನಲ್ಲಿ ಬಾಟಲಿಯೊಳಗೆ ಮೇಣದಂತೆ ಗಟ್ಟಿಯಾಗಿರುತ್ತದೆ, ಬಿಸಿನೀರಿನಲ್ಲಿ ಇಟ್ಟು ಕರಗಿಸಿ ಸುರಿಯಬೇಕು. ಏಪ್ರಿಲ್ ಬಂತೆಂದರೆ ಎಸಿ ಇಲ್ಲದ ಸ್ಟೋರ್ ರೂಮಿನಲ್ಲಿ ತಾನೇ ಕರಗಿರುತ್ತದೆ. ಸ್ಪ್ಯಾಚುಲಾದಿಂದ ಕೆರೆದು ತೆಗೆಯೋಕೆ ಹೋಗಬೇಡಿ. ಚರ್ಮಕ್ಕೆ ತಾಗಿ ಒಮ್ಮೆ ಅಲರ್ಜಿ ಹಿಡಿದರೆ, ಆಮೇಲೆ ಸ್ವಲ್ಪ ಸೋಕಿದರೂ ತುರಿಕೆ.

ಆದರೆ ಡಿಸಿಸಿಯ ನಿಜವಾದ ಕಾಟ ಅದು ಬಿಟ್ಟು ಹೋಗುವ ಯೂರಿಯಾ, ಅಂದರೆ ಡಿಸಿಯು. ಮದುವೆ ಮಾಡಿಸಿದ ದಲ್ಲಾಳಿ ಊಟ ಮುಗಿಸಿ ಹೊರಡದೆ ಹುಡುಗಿ ಮನೆಯಲ್ಲೇ ಠಿಕಾಣಿ ಹೂಡಿದ ಹಾಗೆ. ಬಹುಪಾಲು ಬಿಳಿ ಪುಡಿಯಾಗಿ ಕೆಳಗೆ ಕೂರುತ್ತದೆ, ಫಿಲ್ಟರ್ ಮಾಡಿದರೆ ಹೋಗುತ್ತದೆ, ನಿಜ. ಉಳಿದದ್ದು ಡಿಸಿಎಂ (ಡೈಕ್ಲೋರೊಮೀಥೇನ್) ದ್ರಾವಕದಲ್ಲಿ ಸ್ವಲ್ಪ ಕರಗಿಕೊಂಡೇ ಇರುತ್ತದೆ. ರೋಟಾದಲ್ಲಿ (ದ್ರಾವಕ ಆವಿ ಮಾಡುವ ಯಂತ್ರ) ಡಿಸಿಎಂ ಹಾರಿಸಿ, ಈಥೈಲ್ ಅಸಿಟೇಟ್ ಹಾಕಿ, ಐಸ್‌ನಲ್ಲಿಟ್ಟು, ಮತ್ತೆ ಫಿಲ್ಟರ್ ಮಾಡಿ, ಇಷ್ಟೆಲ್ಲ ಆದ ಮೇಲೆ ಕಾಲಂ ಕೂಡ ಹಾಕಿ (ಸಿಲಿಕಾ ಕೊಳವೆಯಲ್ಲಿ ಇಳಿಸಿ ಬೇರ್ಪಡಿಸಿ), ಮಾಲಿನಲ್ಲಿ ಏನೇನಿದೆ ಅಂತ ತೋರಿಸುವ ಎನ್‌ಎಂಆರ್ ಗ್ರಾಫ್ ನೋಡಿದರೆ, ಅದರ ಅಳತೆಪಟ್ಟಿಯ 1ರಿಂದ 2 ಪಿಪಿಎಂ ನಡುವೆ ಸೈಕ್ಲೋಹೆಕ್ಸೈಲ್ ಪೀಕ್‌ಗಳು ಗುಂಪಾಗಿ ನಿಂತಿರುತ್ತವೆ. ಪ್ಲಾಂಟಿನಲ್ಲಂತೂ ಕೇಳಬೇಡಿ. ಒಂದು ಬ್ಯಾಚ್‌ನಲ್ಲಿ ಬಟ್ಟೆ ಕಟ್ಟಿಕೊಂಡು ಫಿಲ್ಟರ್ ಇಳಿಯುತ್ತಲೇ ಇರಲಿಲ್ಲ. ಆಪರೇಟರ್ ಬಂದು, "ಸಾರ್, ನನ್ನ ಶಿಫ್ಟ್ ಮುಗೀತು, ನಿಮ್ಮ ಕೆಸರು ಇನ್ನೂ ಇಳೀತಾನೇ ಇದೆ" ಅಂತ ಹೇಳಿ ಬಸ್ಸಿಗೆ ಹೊರಟ.

ಡಿಸಿಸಿಯದೇ ಜಾತಿಯ ಇಡಿಸಿ ಬಂದ ಮೇಲೆ ಈ ಗೋಳು ತಪ್ಪಿತು. ಇದರ ಯೂರಿಯಾ ನೀರಿಗೆ ಹೋಗುತ್ತದೆ, ತೊಳೆದರೆ ಆಯ್ತು. ಆದರೆ ಇದಕ್ಕೆ ತೇವ ಆಗಿ ಬರುವುದಿಲ್ಲ. ಜುಲೈ ಮಳೆಯಲ್ಲಿ ಫ್ರಿಡ್ಜ್‌ನಿಂದ ತೆಗೆದ ಬಾಟಲಿಯನ್ನು ತಣ್ಣಗಿರುವಾಗಲೇ ತೆರೆದರೆ ಪುಡಿ ಹೆಪ್ಪುಗಟ್ಟಿ ಅಂಟಾಗುತ್ತದೆ. ರೂಮಿನ ಬಿಸಿಗೆ ಬರುವವರೆಗೆ ಕಾಯಬೇಕು. ಕಪ್ಲಿಂಗ್‌ಗೆ ನೆರವಾಗಲು ಜೊತೆಗೆ ಹಾಕುವ ಎಚ್‌ಒಬಿಟಿ ಪೂರ್ತಿ ಒಣಗಿದರೆ ಸ್ಫೋಟಿಸಬಲ್ಲದು, ಅದಕ್ಕೇ ನೀರು ಸೇರಿಸಿಯೇ ಮಾರುತ್ತಾರೆ. 2009ರಲ್ಲಿ ಅದರ ಬದಲಿಗೆ ಆಕ್ಸಿಮಾ ಬಂತು, ಅಪಾಯ ಕಡಿಮೆ. ಆದರೆ ಅದನ್ನು ಡಿಸಿಸಿಯದೇ ಜಾತಿಯ ಡಿಐಸಿ ಜೊತೆ ಹಾಕಿದರೆ ಹೈಡ್ರೋಜನ್ ಸಯನೈಡ್ ಹುಟ್ಟುತ್ತದೆ ಅಂತ 2019ರಲ್ಲಿ ತೋರಿಸಿದರು. ಫ್ಯೂಮ್ ಹುಡ್ (ವಿಷದ ಗಾಳಿ ಹೊರಗೆಳೆಯುವ ಗೂಡು) ಬಿಟ್ಟು ಮಾಡುವ ಕೆಲಸವೇ ಅಲ್ಲ.

ಕಾಲೇಜಿನಿಂದ ಬರುವ ಹುಡುಗರಿಗೆ ಹ್ಯಾಟು (HATU) ಎಂಬ ಕಪ್ಲಿಂಗ್ ರೀಏಜೆಂಟ್ ಅಂದರೆ ಪ್ರಾಣ. 1993ರಲ್ಲಿ ಕಾರ್ಪಿನೊ ಕೊಟ್ಟದ್ದು. ಬೇಗ ಮುಗಿಯುತ್ತದೆ, ಹಠ ಹಿಡಿದ ಅಮೀನ್ ಕೂಡ ಇದಕ್ಕೆ ಬಗ್ಗುತ್ತದೆ, ಒಪ್ಪುತ್ತೇನೆ. ಆದರೆ 0.1 ಮೋಲ್‌ಗೆ 38 ಗ್ರಾಂ ಹ್ಯಾಟು ಬೇಕು, ಅದರಲ್ಲಿ ಒಂದು ಗ್ರಾಂ ಕೂಡ ನಿಮ್ಮ ಪ್ರಾಡಕ್ಟ್‌ಗೆ ಸೇರುವುದಿಲ್ಲ. ಅದು ಬಿಟ್ಟು ಹೋಗುವ ಟೆಟ್ರಾಮೀಥೈಲ್ ಯೂರಿಯಾದ ಪೀಕ್ ಎನ್‌ಎಂಆರ್‌ನಲ್ಲಿ 2.8 ಪಿಪಿಎಂ ಹತ್ತಿರ ಕೂತಿರುತ್ತದೆ, ತೊಳೆದಷ್ಟೂ ಸ್ವಲ್ಪ ಉಳಿಯುತ್ತದೆ. ಇನ್ನೊಂದು ವಿಷಯ: ಇದನ್ನು ಮತ್ತೆ ಮತ್ತೆ ತೂಗಿದ ಸಂಶೋಧಕಿಯೊಬ್ಬರಿಗೆ ಜೀವಕ್ಕೇ ಅಪಾಯ ಆಗುವಷ್ಟು ಅಲರ್ಜಿ ಆದದ್ದು 2020ರಲ್ಲಿ ಪ್ರಕಟವಾಗಿದೆ. ನಮ್ಮಲ್ಲಿ ಈಗ ಹ್ಯಾಟು ತೂಗುವುದು ಹುಡ್ ಒಳಗೆ, ಗ್ಲೌಸ್ ಹಾಕಿಕೊಂಡೇ.

ನನಗೆ ಒಗ್ಗಿದ ಕಪ್ಲಿಂಗ್ ರೀಏಜೆಂಟ್ ಟಿ3ಪಿ. ಹೊಸದೇನೂ ಅಲ್ಲ, 1980ರದು. ಆದರೆ ಜನ ಇದನ್ನು ಧಾರಾಳವಾಗಿ ಬಳಸೋಕೆ ಶುರು ಮಾಡಿದ್ದು ಎಷ್ಟೋ ವರ್ಷ ಆದ ಮೇಲೆ. ಈಥೈಲ್ ಅಸಿಟೇಟ್‌ನಲ್ಲಿ 50 ಪರ್ಸೆಂಟ್ ದ್ರಾವಣವಾಗಿ ಬರುತ್ತದೆ. ಹೊಸಬರಿಗೆ ಮೊದಲು ಲೆಕ್ಕ ಹೇಳಿಕೊಡುತ್ತೇನೆ. 10 ಮಿಲಿಮೋಲ್ ಆಸಿಡ್‌ಗೆ 15 ಮಿಲಿಮೋಲ್ ಟಿ3ಪಿ ಅಂದರೆ 4.8 ಗ್ರಾಂ ಹತ್ತಿರ, ದ್ರಾವಣ ಅರ್ಧಕ್ಕರ್ಧ ಆದ್ದರಿಂದ ತೂಗಬೇಕಾದ್ದು 9.6 ಗ್ರಾಂ. ಮಂದವಾಗಿರುತ್ತದೆ, ಸಿರಿಂಜ್‌ಗೆ ನಿಧಾನಕ್ಕೆ ಏರುತ್ತದೆ, ಗುಳ್ಳೆ ಬರುತ್ತದೆ. ಅದಕ್ಕೇ ನಾನು ಅಳೆಯುವುದಿಲ್ಲ, ತೂಗುತ್ತೇನೆ. ಆಸಿಡ್, ಅಮೀನ್, ಮೂರು ಪಾಲು ಬೇಸ್ (ಡೀಪಿಯಾ ಅಥವಾ ಪಿರಿಡೀನ್), ಈಥೈಲ್ ಅಸಿಟೇಟ್, ಐಸ್ ಮೇಲೆ ಇಟ್ಟು ಟಿ3ಪಿ ಹನಿ ಹನಿಯಾಗಿ ಬಿಟ್ಟು, ಆಮೇಲೆ ಐಸ್ ತೆಗೆದುಬಿಡಿ. ಎಡಗೈ–ಬಲಗೈಯಂಥ ಎರಡು ರೂಪಗಳಲ್ಲಿ ಒಂದರಲ್ಲಷ್ಟೇ ಇರಬೇಕಾದ ಕೈರಲ್ ಸೆಂಟರ್ ಕೆಡುವ ಭಯ ಇದ್ದರೆ ಪಿರಿಡೀನ್ ಒಳ್ಳೆಯದು. 2011ರಲ್ಲಿ ಫೈಜರ್‌ನ ಕೆಮಿಸ್ಟ್‌ಗಳು ಇದನ್ನೇ ವಿವರವಾಗಿ ಬರೆದಿದ್ದಾರೆ.

ಇದರ ಸುಖ ಇರುವುದು ಸೆಪರೇಟಿಂಗ್ ಫನಲ್‌ನಲ್ಲಿ. ನೀರು ಹಾಕಿ ಸ್ವಲ್ಪ ಹೊತ್ತು ತಿರುಗಿಸಿದರೆ ಟಿ3ಪಿ ಒಡೆದು ಪ್ರೊಪೈಲ್ ಫಾಸ್ಫೋನಿಕ್ ಆಸಿಡ್ ಆಗಿ ನೀರಿಗೆ ಇಳಿಯುತ್ತದೆ. ಸೋಡಿಯಂ ಬೈಕಾರ್ಬೊನೇಟ್‌ನಿಂದ ಒಂದು ಸಲ, ಸಿಟ್ರಿಕ್ ಆಸಿಡ್‌ನಿಂದ ಒಂದು ಸಲ, ಕೊನೆಗೆ ಬ್ರೈನ್, ಅಂದರೆ ಉಪ್ಪುನೀರು. ಲೇಯರ್ ಗೆರೆ ಎಳೆದ ಹಾಗೆ ಬೇರೆಯಾಗುತ್ತದೆ. ಒಂದು ಎಚ್ಚರ: ಡಿಸಿಎಂ ಭಾರ, ಕೆಳಗಿರುತ್ತಿತ್ತು. ಈಥೈಲ್ ಅಸಿಟೇಟ್ ಮೇಲೆ ನಿಲ್ಲುತ್ತದೆ. ಡಿಸಿಎಂ ಅಭ್ಯಾಸದಲ್ಲಿ ಕೆಳಗಿನದನ್ನು ಇಟ್ಟುಕೊಂಡು ಮೇಲಿನದನ್ನು ಚೆಲ್ಲಿದರೆ ಪ್ರಾಡಕ್ಟ್ ಸಿಂಕ್ ಪಾಲು. ಹಾಗೆಯೇ ನಿಮ್ಮ ಪ್ರಾಡಕ್ಟ್‌ನಲ್ಲೇ ಬೇಸಿಕ್ ನೈಟ್ರೋಜನ್ ಇದ್ದರೆ ಸಿಟ್ರಿಕ್ ಆಸಿಡ್ ವಾಶ್ ಬಿಡಿ, ಅದೂ ನೀರಿಗೆ ಹೋಗುತ್ತದೆ. ಉಳಿದಂತೆ ರೋಟಾದಿಂದ ಇಳಿಸಿದ ಕ್ರೂಡ್ (ಇನ್ನೂ ಶುದ್ಧ ಮಾಡದ ಮಾಲು) ಎಷ್ಟೋ ಸಲ ಕಾಲಂ ಕೇಳುವುದೇ ಇಲ್ಲ. ಕಾಲಂ ಇಲ್ಲ ಅಂದರೆ ಸಿಲಿಕಾ ಇಲ್ಲ, ಲೀಟರ್‌ಗಟ್ಟಲೆ ಹೆಕ್ಸೇನ್ ಇಲ್ಲ, ಸಂಜೆ ಮೈಸೂರಿನ ಬಸ್ಸು ತಪ್ಪುವುದೂ ಇಲ್ಲ.

ಇದೇ ಟಿ3ಪಿಗೆ ಡಿಎಂಎಸ್‌ಒ ಎಂಬ ದ್ರಾವಕ ಸೇರಿಸಿದರೆ ಆಲ್ಕೊಹಾಲ್ ಆಲ್ಡಿಹೈಡ್ ಆಗುತ್ತದೆ. ಅದನ್ನು ಬೇರೆ ಮಾಡದೆ ಅದೇ ಫ್ಲಾಸ್ಕಿನಲ್ಲಿ ಬೆಂಜಿಮಿಡಜೋಲ್ (ಹಲವು ಔಷಧಗಳಲ್ಲಿರುವ ಉಂಗುರ) ತನಕ ಒಯ್ಯುವ ಕೆಲಸ 2011ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾಲಯದಿಂದಲೇ ಪ್ರಕಟವಾಯಿತು. ಊರಿನ ಅಭಿಮಾನ ಅಂತ ಹೇಳುತ್ತಿಲ್ಲ. ನಡುವೆ ಒಂದು ವರ್ಕಪ್ ಪೂರ್ತಿ ಉಳಿಯುತ್ತದೆ ನೋಡಿ, ಅದಕ್ಕೆ.

ಅಗ್ಗದ ದಾರಿಯೂ ಇದೆ. ಬೋರಿಕ್ ಆಸಿಡ್. ಕೇರಂ ಬೋರ್ಡ್ ಮೇಲೆ ಉದುರಿಸುತ್ತಿದ್ದೆವಲ್ಲ, ಅದೇ. 0.1 ಮೋಲ್‌ಗೆ 5 ಮೋಲ್ ಪರ್ಸೆಂಟ್, ಅಂದರೆ ನೂರು ಅಣುವಿಗೆ ಐದು, ಬರೀ 0.31 ಗ್ರಾಂ. ಟಾಲ್ವೀನ್‌ನಲ್ಲಿ ಹಾಕಿ, ನೀರು ಹಿಡಿದಿಡುವ ಡೀನ್–ಸ್ಟಾರ್ಕ್ ಟ್ರ್ಯಾಪ್ ಕೂರಿಸಿ, ರಾತ್ರಿಯೆಲ್ಲ ಕುದಿಸಬೇಕು. ಕಂಡೆನ್ಸರ್‌ನಿಂದ ಇಳಿದ ಹನಿಗಳು ಟಾಲ್ವೀನ್ ಒಳಗೆ ಜಾರಿ ಟ್ರ್ಯಾಪ್‌ನ ತಳಕ್ಕೆ ಹೋಗಿ ಒಂದಾಗುತ್ತವೆ. ಮೊದಲು ಮಬ್ಬಾಗಿ, ಆಮೇಲೆ ತಿಳಿಯಾಗಿ. ತಳದ ನೀರು 1.8 ಮಿಲಿ ಗೆರೆ ಮುಟ್ಟಿದರೆ ರಿಯಾಕ್ಷನ್ ಮುಗಿದ ಲೆಕ್ಕ, ಟಿಎಲ್‌ಸಿ (ಸಿಲಿಕಾ ಪ್ಲೇಟ್ ಮೇಲಿನ ಚುಕ್ಕಿ ಪರೀಕ್ಷೆ) ನೋಡುವುದು ಬರೀ ಸಮಾಧಾನಕ್ಕೆ. ಹೊರಗೆ ಬರುವ ಕಸ ಅಂದರೆ ಆ ನೀರು ಮಾತ್ರ. ಆದರೆ 110 ಡಿಗ್ರಿ ತಡೆಯದ ಮಾಲಿಗೆ ಇದು ಆಗುವುದಿಲ್ಲ, ಅನಿಲಿನ್‌ಗಳದು (ಬೆಂಜೀನ್ ಉಂಗುರಕ್ಕೆ ಅಂಟಿದ ಅಮೀನ್) ಆಮೆ ನಡಿಗೆ. ಗಟ್ಟಿ ಮಾಲಿದ್ದರೆ ಮೊದಲು ಇದನ್ನೇ ಪ್ರಯತ್ನಿಸಿ ಅಂತ ನಾನು ಹೇಳುವುದು.

ಈಗಿನ ಹುಡುಗರಿಗೆ ಬೆಳಕಿನ ಕೆಮಿಸ್ಟ್ರಿಯ ಹುಚ್ಚು. 2008ರಿಂದ ಮ್ಯಾಕ್‌ಮಿಲನ್, ಯೂನ್ ಅಂಥವರು ಬೆಳಕಿನಿಂದ ರಿಯಾಕ್ಷನ್ ನಡೆಸುವ ಫೋಟೊರೆಡಾಕ್ಸ್‌ಗೆ ಹೊಸ ಜೀವ ಕೊಟ್ಟರು. ದಸರಾ ದೀಪಗಳ ಊರಿನಲ್ಲಿ ಎಲ್‌ಇಡಿ ಪಟ್ಟಿಗೇನು ಬರ? ನಾವೂ ಗಾಜಿನ ಡಿಶ್‌ನ ಒಳಗೆ ಸುತ್ತಿ, ಪಕ್ಕದಲ್ಲಿ ಫ್ಯಾನ್ ಇಟ್ಟು ಮಾಡಿದೆವು, ಚೆನ್ನಾಗಿಯೇ ಆಯಿತು. ಆದರೆ ಬೆಳಕು ಹೀರಲು ಇರಿಡಿಯಂ, ರುಥೇನಿಯಂ ಹಾಕಿದರೆ ಔಷಧದಲ್ಲಿ ಲೋಹ ಉಳಿಯದ ಹಾಗೆ ತೆಗೆಯಬೇಕು. ಅದು ಬೇಡ ಅಂತ ಇಯೋಸಿನ್ ವೈ ಎಂಬ ಬಣ್ಣ ಹಾಕಿದರೆ ಪ್ರಾಡಕ್ಟ್ ಕೇಸರಿ ಬಣ್ಣ ಹಿಡಿಯುತ್ತದೆ. ದೊಡ್ಡ ರಿಯಾಕ್ಟರ್‌ನೊಳಗೆ ಬೆಳಕೂ ಇಳಿಯುವುದಿಲ್ಲ. ನಮ್ಮ ಪ್ಲಾಂಟಿಗೆ ಸದ್ಯಕ್ಕೆ ಬೇಡ.

ಟಿ3ಪಿಯಲ್ಲೂ ಕಸ ಮಾಯವಾಗುವುದಿಲ್ಲ, ಫ್ಲಾಸ್ಕಿನಿಂದ ನೀರಿಗೆ ಹೋಗುತ್ತದೆ ಅಷ್ಟೇ. ಪಕ್ಕದಲ್ಲೇ ಕಪಿಲಾ ಹರಿಯುವ ಊರಿದು. ದೊಡ್ಡ ಬ್ಯಾಚ್ ಇದ್ದಾಗಲೆಲ್ಲ ಕೊಳಚೆ ನೀರು ಶುದ್ಧೀಕರಣ ನೋಡಿಕೊಳ್ಳುವವರು ಫೋನ್ ಮಾಡುತ್ತಾರೆ: "ಸಾರ್, ಈ ಸಲ ಫಾಸ್ಫರಸ್ ಎಷ್ಟು ಬರುತ್ತೆ? ಮೊದಲೇ ಹೇಳಿ, ನಮ್ಮ ಟ್ಯಾಂಕ್ ನೋಡ್ಕೋಬೇಕು." ಅವರ ಕಾಟಕ್ಕೇ ನಾವು ಒಂದು ಪಾಲು ಆಸಿಡ್‌ಗೆ ಹಾಕುವ ಟಿ3ಪಿಯನ್ನು 1.5 ಪಾಲಿನಿಂದ ಇಳಿಸುತ್ತಾ ಬಂದೆವು. ಸಾಮಾನ್ಯ ಅಮೀನ್‌ಗಳಿಗೆ 1.2 ಸಾಕಾಗುತ್ತಿದೆ. ಅನಿಲಿನ್‌ಗಳಿಗೆ ಇನ್ನೂ 1.5 ಹಾಕುತ್ತಿದ್ದೇವೆ.