ಎಲ್ಲರ ಕಣ್ಣಿಗೂ ಕೈಗೂ ಸಿಗುವ ಹಾಗೆ ಆಟದ ಮೇಜು: ನನ್ನ ಅನುಭವ

ಮೇಜಿನ ಮೇಲೆ ಹರಡಿ ಆಡುವ ಬೋರ್ಡ್ ಮತ್ತು ಕಾರ್ಡ್ ಆಟಗಳಿಗೆ ಅಮ್ಮ ಕೂರುವುದನ್ನು ಒಂದೇ ದಿನ ಬಿಟ್ಟಿದ್ದಲ್ಲ. ಮೊದಲು ದೊಡ್ಡ ಆಟ ತೆಗೆದಾಗ "ನೀವು ಆಡಿ, ನಾನು ನೋಡ್ತೀನಿ" ಅಂದಳು. ಆಮೇಲೆ ಚಿಕ್ಕ ಆಟಕ್ಕೂ ಅದೇ ಮಾತು. ಬೇಸರ ಬಂದಿರಬೇಕು ಅಂದುಕೊಂಡೆ. ಒಂದು ಸಂಜೆ ಸುಮ್ನೆ ಅವಳ ಕೈಗೆ ಒಂದು ಕಾರ್ಡ್ ಕೊಟ್ಟು "ಚಿತ್ರ ಎಷ್ಟು ಚೆನ್ನಾಗಿದೆ ನೋಡಮ್ಮ" ಅಂದೆ. ಅಮ್ಮ ಕಾರ್ಡನ್ನು ದೂರ ಹಿಡಿದಳು, ಹತ್ತಿರ ತಂದಳು, ಎದ್ದು ಕಿಟಕಿ ಪಕ್ಕಕ್ಕೆ ಹೋದಳು. "ಚಿತ್ರ ಕಾಣುತ್ತೆ ಕಣೇ. ಕೆಳಗೆ ಬರೆದಿರೋದು ಇರುವೆ ಸಾಲಿನ ಹಾಗಿದೆ" ಅಂದಳು.

ಆಟ ಅವಳಿಗೆ ಬೇಡವಾಗಿರಲಿಲ್ಲ. ಆಟ ಅವಳಿಗೆ ಕಾಣುತ್ತಿರಲಿಲ್ಲ. ನಾನು ಇಷ್ಟು ದಿನ ಎದುರಿಗೇ ಕೂತಿದ್ದೂ ಇದನ್ನು ಗಮನಿಸಿರಲಿಲ್ಲವಲ್ಲ ಅಂತ ಬಹಳ ನೋವಾಯಿತು.

ಆವತ್ತಿನಿಂದ ಸುಮಾರು ಎರಡು ವರ್ಷ, ಮನೆಯ ಆಟಗಳನ್ನು ಓದಲು ಸುಲಭವಾಗುವಂತೆ, ತೆಗೆದಿಡಲು ಸುಲಭವಾಗುವಂತೆ ಒಂದೊಂದಾಗಿ ಬದಲಾಯಿಸುತ್ತಾ ಬಂದಿದ್ದೇನೆ. ಕೆಲವು ವಸ್ತು ಕೊಂಡೆ, ಜಾಸ್ತಿ ಮನೆಯಲ್ಲೇ ಮಾಡಿದೆ. ಕೊಂಡದ್ದರಲ್ಲಿ ಅರ್ಧದಷ್ಟು ಬೇಕಾಗಿರಲಿಲ್ಲ ಅಂತ ಈಗ ಅನಿಸುತ್ತದೆ. ಅದಕ್ಕೇ ಕೊಳ್ಳುವ ಮೊದಲು ನಾನು ಮಾಡಿದ ಒಂದು ಕೆಲಸವನ್ನು ಮೊದಲು ಹೇಳುತ್ತೇನೆ.

ಒಂದು ಇಡೀ ಆಟ ನಾನು ಆಡಲಿಲ್ಲ. ಪಕ್ಕದಲ್ಲಿ ಕೂತು, ಯಾರ ಕೈ ಎಲ್ಲಿ ನಿಂತಿತು, ಯಾರು ಏನು ಕೇಳಿದರು ಅಂತ ಬರೆದುಕೊಂಡೆ. "ಇದು ಯಾವ ಬಣ್ಣ?" ಅನ್ನುವ ಪ್ರಶ್ನೆ ಹನ್ನೊಂದು ಸಲ ಬಂತು. "ಇದರಲ್ಲಿ ಏನು ಬರೆದಿದೆ?" ಒಂಬತ್ತು ಸಲ. ಡಬ್ಬಿ ತೆರೆದಾಗಿನಿಂದ ಮೊದಲ ನಡೆಯವರೆಗೆ 25 ನಿಮಿಷ. ಆಟ ತಡವಾಗುತ್ತಿದ್ದದ್ದು ಯೋಚನೆಯಿಂದ ಅಲ್ಲ, ಹುಡುಕಾಟದಿಂದ. ಆ ಒಂದು ಪುಟವನ್ನು ಮುಂದಿಟ್ಟುಕೊಂಡೇ ಉಳಿದದ್ದನ್ನೆಲ್ಲ ಮಾಡಿದೆ.

ಮೊದಲು ಕೈ ಹಾಕಿದ್ದು ಬೆಳಕಿಗೆ. ವಯಸ್ಸಾದ ಹಾಗೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಒಳಗಿನ ಮಸೂರ ಹಳದಿಯಾಗುತ್ತದೆ. ಅರವತ್ತು ದಾಟಿದವರ ಕಣ್ಣಿನ ಹಿಂಪರದೆಗೆ ಇಪ್ಪತ್ತರ ಹರೆಯದವರಿಗೆ ಮುಟ್ಟುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ ಮುಟ್ಟುತ್ತದೆ. ನನಗೆ ಸಾಕಾಗುವ ದೀಪ ಅಮ್ಮನಿಗೆ ಮುಸ್ಸಂಜೆ. ನಮ್ಮ ಮೇಜಿನ ಮೇಲಿದ್ದದ್ದು 2700 ಕೆಲ್ವಿನ್‌ನ ಹಳದಿ ಬಲ್ಬ್ (ಕೆಲ್ವಿನ್ ಅನ್ನುವುದು ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಹಳದಿ ಕಡಿಮೆ). ನೋಡಲು ಹಿತ, ಆದರೆ ಆ ಬೆಳಕಿನಲ್ಲಿ ಕೆಂಪು ಮತ್ತು ಕಿತ್ತಳೆ, ಬಿಳಿ ಮತ್ತು ಹಳದಿ ಒಂದರ ಹತ್ತಿರ ಒಂದು ಬಂದುಬಿಡುತ್ತವೆ. ಅದನ್ನು ತೆಗೆದು 4000 ಕೆಲ್ವಿನ್‌ನದು ಹಾಕಿದೆ. ಡಬ್ಬಿಯ ಮೇಲೆ ಸಿಆರ್‌ಐ ಅಂತ ಒಂದು ಸಂಖ್ಯೆ ಇರುತ್ತದೆ, ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ ಅಳತೆ ಅದು. 90ಕ್ಕಿಂತ ಜಾಸ್ತಿ ಇರುವುದನ್ನೇ ಆರಿಸಿದೆ. ಜೊತೆಗೆ ಕತ್ತು ಬಗ್ಗಿಸಬಹುದಾದ ಒಂದು ದೀಪವನ್ನು ಅಮ್ಮನ ಎಡಗಡೆ ಇಟ್ಟೆ. ಇಡೀ ಎರಡು ವರ್ಷದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಈ ಎರಡು ದೀಪಗಳೇ. ಯಾರಾದರೂ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ ಇಲ್ಲಿಂದಲೇ ಅನ್ನುತ್ತೇನೆ.

ಬೆಳಕು ಜಾಸ್ತಿಯಾದ ಮೇಲೆ ಇನ್ನೊಂದು ತೊಂದರೆ ಎದ್ದಿತು. ಕಾರ್ಡುಗಳಿಗೆ ನಾನು ಹೊಳೆಯುವ ಸ್ಲೀವ್, ಅಂದರೆ ಪಾರದರ್ಶಕ ಪ್ಲಾಸ್ಟಿಕ್ ಕವರ್, ಹಾಕಿದ್ದೆ. ಮೇಲಿನ ಬಲ್ಬ್ ಅದರಲ್ಲಿ ಕನ್ನಡಿಯಂತೆ ಕಂಡು, ಬರಹದ ಮೇಲೇ ಬೆಳ್ಳಗಿನ ಚುಕ್ಕೆ ಕೂರುತ್ತಿತ್ತು. ಹೊಳಪಿಲ್ಲದ ಮ್ಯಾಟ್ ಸ್ಲೀವ್‌ಗೆ ಬದಲಾಯಿಸಿದೆ. ಮ್ಯಾಟ್‌ನಲ್ಲಿ ಚಿತ್ರದ ಮಿಂಚು ಸ್ವಲ್ಪ ತಗ್ಗುತ್ತದೆ, ನಿಜ. ಆದರೆ ಕಾರ್ಡು ಇರುವುದು ಓದಲಿಕ್ಕೆ. ಸ್ಲೀವ್ ಕೊಳ್ಳುವವರು ಅಳತೆ ನೋಡಲೇಬೇಕು. ಇಸ್ಪೀಟಿನ ಎಲೆಯ ಸಾಮಾನ್ಯ ಅಳತೆ 63.5×88 ಮಿಲಿಮೀಟರ್. ವಿಂಗ್‌ಸ್ಪ್ಯಾನ್ ಅನ್ನುವ ಬೋರ್ಡ್ ಆಟದ ಹಕ್ಕಿ ಕಾರ್ಡು 57×87. ಚಿಕ್ಕ ಕಾರ್ಡುಗಳು 44×68ರ ಆಸುಪಾಸು. ಆರು ಮಿಲಿಮೀಟರ್ ವ್ಯತ್ಯಾಸ ಕೇಳಲು ಕಡಿಮೆ, ಆದರೆ ಸ್ಲೀವ್ ಒಳಗೆ ಕಾರ್ಡು ಅತ್ತಿತ್ತ ಜಾರುತ್ತಿದ್ದರೆ ಕಲೆಸುವುದೇ ಕಷ್ಟ. ಇನ್ನೊಂದು ಮಾತು. ಒಂದೇ ಕಟ್ಟಿನಲ್ಲಿ ಹಳೆ ಸ್ಲೀವ್, ಹೊಸ ಸ್ಲೀವ್ ಬೆರೆಸಬೇಡಿ. ಬೆನ್ನು ನೋಡಿಯೇ ಯಾವ ಕಾರ್ಡು ಅಂತ ಗೊತ್ತಾಗಿಬಿಡುತ್ತದೆ.

ಸಣ್ಣ ಅಕ್ಷರಕ್ಕೆ ಮೊದಲು ತಂದದ್ದು ಹಾಳೆಯಂತೆ ತೆಳ್ಳಗಿರುವ ಫ್ರೆನೆಲ್ ಲೆನ್ಸ್. ಅದನ್ನು ಕಾರ್ಡಿನಿಂದ ಸರಿಯಾದ ದೂರದಲ್ಲಿ ಹಿಡಿದೇ ಇರಬೇಕು, ಅಮ್ಮನ ಕೈ ಸ್ವಲ್ಪ ನಡುಗುತ್ತದೆ, ಹಾಗಾಗಿ ಆಗಲಿಲ್ಲ. ಗುಮ್ಮಟದ ಆಕಾರದ ಭೂತಗನ್ನಡಿ ಸರಿಹೋಯಿತು. ಅದರ ಅಡಿ ಚಪ್ಪಟೆ. ಕಾರ್ಡಿನ ಮೇಲೆ ಇಟ್ಟು ಜರುಗಿಸಿದರೆ ಸಾಕು, ದೂರ ಹೊಂದಿಸುವ ಕೆಲಸವಿಲ್ಲ. ಸುತ್ತಲಿನ ಬೆಳಕನ್ನೂ ಅದು ಒಳಗೆ ಸೆಳೆದುಕೊಳ್ಳುತ್ತದೆ, ಅಕ್ಷರ ದೊಡ್ಡದಾಗುವುದರ ಜೊತೆ ಹೆಚ್ಚು ಬೆಳಕಿನಲ್ಲೂ ಕಾಣುತ್ತದೆ.

ಆದರೂ ಪ್ರತಿ ಸಲ ಗಾಜು ಜರುಗಿಸುತ್ತಾ ಕೂತರೆ ಆಟದ ಓಟ ಕೆಡುತ್ತದೆ ಅಲ್ವಾ? ಆದ್ದರಿಂದ ಪದೇ ಪದೇ ಬೇಕಾಗುವ ನಿಯಮಗಳನ್ನು ಒಂದು ಹಾಳೆಗೆ ಇಳಿಸಿದೆ. "ನಿಮ್ಮ ಸರದಿ ಬಂದಾಗ ಏನು ಮಾಡಬಹುದು" ಅಂತ ಮೇಲೆ, ಕೆಳಗೆ ಚಿಹ್ನೆ ಮತ್ತು ಅದರ ಅರ್ಥ. ಕನ್ನಡದಲ್ಲಿ ಬರೆದೆ. 12 ಪಾಯಿಂಟ್‌ನಲ್ಲಿ ಅಚ್ಚು ಹಾಕಿದರೆ ಒತ್ತಕ್ಷರಗಳು ಕರಗಿ ಮುದ್ದೆಯಾದವು. 16 ಪಾಯಿಂಟ್, ಸಾಲಿನ ನಡುವೆ ಒಂದೂವರೆ ಪಟ್ಟು ಜಾಗ ಕೊಟ್ಟ ಮೇಲೆ ಓದುವ ಹಾಗಾಯಿತು. ಬಿಳಿ ಹಾಳೆಗಿಂತ ತಿಳಿ ಕೆನೆ ಬಣ್ಣದ ಹಾಳೆ ಕಣ್ಣಿಗೆ ತಂಪು ಅಂತ ಅಮ್ಮನೇ ಹೇಳಿದಳು.

ಕೆಲವು ಸಲ ಪರಿಹಾರ ಆಟ ಮಾಡಿದವರೇ ಕೊಟ್ಟಿರುತ್ತಾರೆ, ನಮಗೆ ಗೊತ್ತಿರುವುದಿಲ್ಲ. 2004ರಲ್ಲಿ ಬಂದ ಟಿಕೆಟ್ ಟು ರೈಡ್ ಅನ್ನುವ ರೈಲು ದಾರಿಯ ಬೋರ್ಡ್ ಆಟದ ಮೊದಲ ಆವೃತ್ತಿಯ ಕಾರ್ಡುಗಳು ತೀರಾ ಚಿಕ್ಕವು. ಅದೇ ಆಟಕ್ಕೆ ಸೇರಿಸಿಕೊಳ್ಳುವ 2006ರ ಯುಎಸ್‌ಎ 1910 ಅನ್ನುವ ವಿಸ್ತರಣೆಯಲ್ಲಿ ಅವೇ ಕಾರ್ಡುಗಳು ದೊಡ್ಡ ಅಳತೆಯಲ್ಲಿ ಬಂದವು. ನಾನು ಭೂತಗನ್ನಡಿ ಹುಡುಕುವ ಮೊದಲು ಇದನ್ನು ನೋಡಬೇಕಿತ್ತು.

ಇನ್ನು ಬಣ್ಣದ ವಿಷಯ. ಆ ಹನ್ನೊಂದು ಪ್ರಶ್ನೆಗಳಲ್ಲಿ ಎಂಟು ಕೇಳಿದ್ದು ಅಮ್ಮ ಅಲ್ಲ, ನಮ್ಮ ಭಾವ. ಅವರಿಗೆ ಕೆಂಪು ಹಸಿರು ಬೇರೆ ಮಾಡಲು ಕಷ್ಟ. ಇದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಅದಕ್ಕೇ ಗಂಡಸರಲ್ಲಿ ಜಾಸ್ತಿ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ರಲ್ಲಿ ಒಬ್ಬರಿಗೆ, ಹೆಂಗಸರಲ್ಲಿ ಸುಮಾರು 200ರಲ್ಲಿ ಒಬ್ಬರಿಗೆ ಬಣ್ಣ ಗುರುತಿಸುವುದರಲ್ಲಿ ಇಂಥ ತೊಡಕು ಇರುತ್ತದೆ. ಭಾವ ಯಾವತ್ತೂ ದೂರಿದವರಲ್ಲ. ಪಕ್ಕದಲ್ಲಿ ಕೂತ ಅಕ್ಕನನ್ನು ಮೆಲ್ಲಗೆ ಕೇಳಿ ಆಡುತ್ತಿದ್ದರು. ಅಂದರೆ ತಮ್ಮ ಗುಟ್ಟನ್ನು ಅರ್ಧ ಬಿಟ್ಟುಕೊಟ್ಟೇ ಆಡುತ್ತಿದ್ದರು.

ಮೊದಲ ಪರಿಹಾರಕ್ಕೆ ಏನೂ ಕೊಳ್ಳಬೇಕಾಗಲಿಲ್ಲ. ಐದು ಬಣ್ಣದ ಕಾಯಿಗಳಿದ್ದು ನಾವು ನಾಲ್ವರೇ ಇದ್ದರೆ, ಕೆಂಪು ಅಥವಾ ಹಸಿರು, ಎರಡರಲ್ಲಿ ಒಂದನ್ನು ಡಬ್ಬಿಯಲ್ಲೇ ಬಿಡುತ್ತೇವೆ. ಯಾವ ಬಣ್ಣಗಳು ಗೊಂದಲ ಮಾಡಬಹುದು ಅಂತ ನೋಡಲು ಮೇಜಿನ ಫೋಟೋ ತೆಗೆದು ಫೋನಿನಲ್ಲಿ ಕಪ್ಪು ಬಿಳುಪು ಮಾಡುತ್ತೇನೆ. ಅಲ್ಲಿ ಎರಡು ಕಾಯಿ ಒಂದೇ ಬೂದು ಬಣ್ಣದಲ್ಲಿ ಕಂಡರೆ, ಆ ಜೋಡಿಯನ್ನು ಒಟ್ಟಿಗೆ ಮೇಜಿಗೆ ತರುವ ಮೊದಲು ಭಾವನಿಗೆ ತೋರಿಸುತ್ತೇನೆ. "ಭಾವ, ಇವೆರಡು ನಿಮಗೆ ಬೇರೆ ಕಾಣುತ್ತಾ?" ಅಂತ ಕೇಳಿದರೆ ಅವರು ನೇರವಾಗಿ ಹೇಳುತ್ತಾರೆ. ಇಷ್ಟು ವರ್ಷ ಅವರನ್ನು ಯಾರೂ ಕೇಳಿರಲಿಲ್ಲ.

ಮರದ ಪುಟ್ಟ ಕ್ಯೂಬುಗಳು ಮಾತ್ರ ಬಹಳ ಕಾಡಿದವು. ಒಂದೊಂದು ಬದಿ 8 ಮಿಲಿಮೀಟರ್. ಸ್ಟಿಕರ್ ಅಂಟಿಸಿದೆ, ಎರಡು ಆಟದಲ್ಲಿ ಕಿತ್ತುಬಂತು. ಮಾರ್ಕರ್‌ನಿಂದ ಗೆರೆ ಎಳೆದೆ. ಕ್ಯೂಬ್ ಹೇಗೆ ಬೇಕಾದರೂ ಬೀಳುವುದರಿಂದ ಆರೂ ಮುಖಕ್ಕೆ ಎಳೆಯಬೇಕು, ನೂರಾರು ಕ್ಯೂಬುಗಳಿಗೆ ಅದು ಮುಗಿಯದ ಕೆಲಸ. ಕೊನೆಗೆ ಹೊಳೆದದ್ದು ಇದು: ಬಣ್ಣ ಬದಲಾಯಿಸಬೇಡ, ಆಕಾರ ಬದಲಾಯಿಸು. ಹಸಿರು ಕ್ಯೂಬುಗಳನ್ನೆಲ್ಲ ತೆಗೆದು ಅಷ್ಟೇ ಹಸಿರು ಮರದ ಬಿಲ್ಲೆಗಳನ್ನು ಹಾಕಿದೆ. ಈಗ ಭಾವನಿಗೆ ಬಣ್ಣ ಬೇಡ, ದುಂಡಗಿದ್ದರೆ ಹಸಿರು. ಅಮ್ಮನಿಗೂ ಬೆರಳಿನಿಂದಲೇ ಗೊತ್ತಾಗುತ್ತದೆ.

ಒಳ್ಳೆ ಆಟಗಳಲ್ಲಿ ಈ ಬುದ್ಧಿ ಮೊದಲೇ ಇರುತ್ತದೆ. 1995ರಲ್ಲಿ ಬಂದ ಕಟಾನ್ ಅನ್ನುವ ಬೋರ್ಡ್ ಆಟದಲ್ಲಿ 6 ಮತ್ತು 8ರ ಬಿಲ್ಲೆಗಳ ಅಂಕಿ ಕೆಂಪು. ಆದರೆ ಅಂಕಿಯ ಕೆಳಗೆ ಐದು ಚುಕ್ಕೆಗಳೂ ಇವೆ, ಎರಡು ದಾಳ ಉರುಳಿಸಿದಾಗ 36ರಲ್ಲಿ ಐದು ರೀತಿಯಲ್ಲಿ ಆ ಸಂಖ್ಯೆ ಬೀಳಬಹುದು ಅಂತ. ಕೆಂಪು ಕಾಣದವರೂ ಚುಕ್ಕೆ ಎಣಿಸಬಹುದು. ಯೂನೋ ಅನ್ನುವ ಕಾರ್ಡ್ ಆಟಕ್ಕೆ 2017ರಲ್ಲಿ ಕಲರ್‌ಆ್ಯಡ್ ಚಿಹ್ನೆಗಳ ಆವೃತ್ತಿ ಬಂತು. ಪೋರ್ಚುಗಲ್‌ನ ವಿನ್ಯಾಸಕಾರ ಮಿಗೆಲ್ ನೇಯ್ವಾ ಮಾಡಿದ ಪದ್ಧತಿ ಅದು. ನೀಲಿ, ಹಳದಿ, ಕೆಂಪಿಗೆ ಒಂದೊಂದು ಗುರುತು. ನೀಲಿಯ ಗುರುತಿಗೆ ಹಳದಿಯ ಗುರುತು ಸೇರಿಸಿದರೆ ಹಸಿರು. ಬಣ್ಣ ಬೆರೆಸುವ ಹಾಗೆಯೇ ಗುರುತೂ ಬೆರೆಯುತ್ತದೆ. ನನಗೆ ಇದು ತುಂಬಾ ಇಷ್ಟ.

ಅಮ್ಮನ ಬೆರಳುಗಳಿಗೆ ಎಂಟು ಹತ್ತು ಕಾರ್ಡು ಬೀಸಣಿಗೆಯಂತೆ ಹಿಡಿಯುವುದೂ ನೋವು. ಮರದ ಪಟ್ಟಿಯಲ್ಲಿ ಓರೆಯಾಗಿ ಸೀಳು ಕೊರೆದು ಕಾರ್ಡ್ ಸ್ಟ್ಯಾಂಡ್ ಮಾಡಿದೆ. ಮೊದಲನೆಯದರ ಸೀಳು ಒಂದು ಸೆಂಟಿಮೀಟರ್ ಆಳ. ಕಾರ್ಡು ಗಟ್ಟಿಯಾಗಿ ನಿಂತಿತು, ಆದರೆ ಕೆಳಗಿನ ಸಾಲು ಮರದೊಳಗೆ ಮುಚ್ಚಿಹೋಯಿತು. ಮುಖ್ಯವಾದ ಬರಹ ಇರುವುದೇ ಅಲ್ಲಿ! ಎರಡನೆಯದನ್ನು ಆರು ಮಿಲಿಮೀಟರ್ ಆಳ ಮಾಡಿ, ಬೆನ್ನಿಗೆ ಎತ್ತರದ ಆಸರೆ ಕೊಟ್ಟೆ. ಪಟ್ಟಿ ನೇರವಾಗಿದ್ದರೆ ಪಕ್ಕದವರಿಗೂ ಕಾರ್ಡು ಕಾಣುತ್ತದೆ, ಸ್ವಲ್ಪ ಬಾಗಿದ್ದರೆ ಆಡುವವರಿಗೆ ಮಾತ್ರ.

ಜೋಡಿಸಿಡುವ ಕೆಲಸಕ್ಕೆ ಬಂದಾಗ ನನ್ನದೊಂದು ದೊಡ್ಡ ತಪ್ಪಾಯಿತು. 5 ಮಿಲಿಮೀಟರ್ ದಪ್ಪದ ಫೋಮ್ ಬೋರ್ಡ್ ಕತ್ತರಿಸಿ, ಬಿಳಿ ಅಂಟು ಹಾಕಿ, ಒಣಗುವವರೆಗೆ ಗುಂಡುಪಿನ್ ಚುಚ್ಚಿ, ವಿಂಗ್‌ಸ್ಪ್ಯಾನ್ ಡಬ್ಬಿಗೆ ಖಾನೆಗಳನ್ನು ಮಾಡಿದೆ. ಎರಡು ದಿನದ ಕೆಲಸ. ಮಾಡಿದ ಮೇಲೆ ಕಾರ್ಡುಗಳಿಗೆ ಸ್ಲೀವ್ ಹಾಕಿದೆ. ಕಾರ್ಡು ಖಾನೆಗೆ ಇಳಿಯಲೇ ಇಲ್ಲ. ಸ್ಲೀವ್‌ನ ಒಂದು ಬದಿ 100 ಮೈಕ್ರಾನ್ ಇದ್ದರೆ, ಎರಡು ಬದಿ ಸೇರಿ ಪ್ರತಿ ಕಾರ್ಡಿಗೆ 0.2 ಮಿಲಿಮೀಟರ್ ಕೂಡುತ್ತದೆ. ಮೂಲ ಆಟದಲ್ಲಿ 170 ಹಕ್ಕಿ ಕಾರ್ಡುಗಳಿವೆ. ಒಟ್ಟು 34 ಮಿಲಿಮೀಟರ್, ಹೆಚ್ಚುಕಡಿಮೆ ಎರಡು ಬೆರಳಿನಷ್ಟು ದಪ್ಪ ಹೊಸದಾಗಿ ಬಂದಂತೆ. ಅಗಲವೂ ಸ್ಲೀವ್‌ನ ಅಂಚಿನಿಂದ ಹೆಚ್ಚುತ್ತದೆ. ಹಾಗಾಗಿ ಮೊದಲು ಸ್ಲೀವ್, ಆಮೇಲೆ ಅಳತೆ. ಅಳತೆಯ ಮೇಲೂ ಎರಡು ಮಿಲಿಮೀಟರ್ ಸಡಿಲ ಬಿಡಿ, ಖಾನೆಯ ಗೋಡೆಯಲ್ಲಿ ಬೆರಳು ಹೋಗುವಷ್ಟು ಅರ್ಧಚಂದ್ರ ಕತ್ತರಿಸಿ. ಅದಿಲ್ಲದಿದ್ದರೆ ಕಾರ್ಡು ತೆಗೆಯಲು ಡಬ್ಬಿಯನ್ನೇ ಬೋರಲು ಹಾಕಬೇಕಾಗುತ್ತದೆ.

ಖಾನೆ ಮಾಡುವಾಗ ಎಲ್ಲರೂ ವಸ್ತುಗಳನ್ನು ಜಾತಿವಾರು ವಿಂಗಡಿಸುತ್ತಾರೆ: ಕ್ಯೂಬು ಇಲ್ಲಿ, ಬಿಲ್ಲೆ ಅಲ್ಲಿ. ನಾನೂ ಹಾಗೇ ಮಾಡಿದ್ದೆ. ನೋಡಲು ಅಂದ, ಆಟ ಹೂಡಲು ನಿಧಾನ. ಈಗ ಆಡುವವರ ಲೆಕ್ಕದಲ್ಲಿ ಇಡುತ್ತೇನೆ. ಒಬ್ಬರಿಗೆ ಒಂದು ಚಿಕ್ಕ ಡಬ್ಬಿ, ಅವರ ಕಾಯಿ, ಬಿಲ್ಲೆ, ನಿಯಮದ ಹಾಳೆ ಎಲ್ಲ ಅದರಲ್ಲೇ. ಎಲ್ಲರೂ ತೆಗೆದುಕೊಳ್ಳುವ ಟೋಕನ್‌ಗಳು ಮುಚ್ಚಳವಿರುವ ಖಾನೆ ಡಬ್ಬಿಯಲ್ಲಿ. ಆ ಡಬ್ಬಿ ಹಾಗೇ ಮೇಜಿಗೆ ಬರುತ್ತದೆ, ಸುರಿಯುವ ಕೆಲಸವಿಲ್ಲ. ಆಟ ಹೂಡಲು ಹಿಡಿಯುತ್ತಿದ್ದ 25 ನಿಮಿಷ ಈಗ 8 ನಿಮಿಷ. ಆಟ ಮುಗಿದ ಮೇಲೆ ತಂತಮ್ಮ ಡಬ್ಬಿಯನ್ನು ಅವರವರೇ ತುಂಬುತ್ತಾರೆ, ಅಕ್ಕನ ಎಂಟು ವರ್ಷದ ಮಗಳೂ ಸೇರಿ.

ಎಲ್ಲ ಆಟಕ್ಕೂ ಇಷ್ಟು ಮಾಡಬೇಕಿಲ್ಲ. ಹೆಚ್ಚಿನವಕ್ಕೆ ಜಿಪ್ ಕವರ್ ಸಾಕು. ಕವರಿನ ಮೂಲೆಯಲ್ಲಿ ಒಂದು ತೂತು ಮಾಡಿ, ಗಾಳಿ ಹೊರಗೆ ಹೋಗಿ ಡಬ್ಬಿಯ ಮುಚ್ಚಳ ಸರಿಯಾಗಿ ಕೂರುತ್ತದೆ. ಕಾರ್ಡು ಕಟ್ಟಲು ರಬ್ಬರ್ ಬ್ಯಾಂಡ್ ಮಾತ್ರ ಬೇಡವೇ ಬೇಡ. ಅಂಚಿನಲ್ಲಿ ಗುರುತು ಬೀಳುತ್ತದೆ, ಹಳೆಯದಾದರೆ ರಬ್ಬರ್ ಕರಗಿ ಅಂಟುತ್ತದೆ. ದಪ್ಪ ಕಾಗದದ ಪಟ್ಟಿ ಸುತ್ತಿ.

ಮೇಜಿನ ಮೇಲೆ 2 ಮಿಲಿಮೀಟರ್‌ನ ನಿಯೋಪ್ರೀನ್ (ಮೆತ್ತನೆಯ ರಬ್ಬರ್) ಮ್ಯಾಟ್ ಹಾಸಿದ್ದೇನೆ, ಒಂದೇ ಗಾಢ ಬಣ್ಣದ್ದು. ಚಿತ್ರವಿರುವ ಮ್ಯಾಟ್ ಮೇಲೆ ಕಾಯಿಗಳು ಕಳೆದುಹೋಗುತ್ತವೆ. ಮೆತ್ತಗಿರುವುದರಿಂದ ಅಂಚು ಒತ್ತಿದರೆ ಕಾರ್ಡು ಮೇಲೇಳುತ್ತದೆ, ಉಗುರಿನಿಂದ ಕೆರೆಯಬೇಕಿಲ್ಲ. ದಾಳಗಳನ್ನು 16 ಮಿಲಿಮೀಟರ್‌ನಿಂದ 25ಕ್ಕೆ ಬದಲಾಯಿಸಿದೆ, ಬಿಳಿ ಮೈಗೆ ಕಪ್ಪು ಚುಕ್ಕೆ. ಉರುಳಿಸಲು ಉಣ್ಣೆ ಬಟ್ಟೆ ಹಾಸಿದ ತಟ್ಟೆ.

ಹೋದ ವಾರ ಮತ್ತೆ ಪುಸ್ತಕ ಹಿಡಿದು ಒಂದು ಆಟ ಪಕ್ಕದಲ್ಲಿ ಕೂತೆ. ಬಣ್ಣದ ಪ್ರಶ್ನೆ ಒಂದೇ ಸಲ ಬಂತು, ಅದೂ ಇನ್ನೂ ಕೈ ಹಾಕದ ಹೊಸ ಆಟದ್ದು. ಬರಹದ ಪ್ರಶ್ನೆ ಮೂರು. ಮೂರೂ ಬೋರ್ಡಿನ ನಡುವೆ ಅಚ್ಚಾಗಿರುವ ಸಣ್ಣ ಅಂಕಿಗಳ ಬಗ್ಗೆ. ಅಮ್ಮನ ಕಡೆಯಿಂದ ಅವು ತಲೆಕೆಳಗೆ ಕಾಣುತ್ತವೆ. ಬೋರ್ಡಿನ ಅಡಿಗೆ ತಿರುಗುವ ಹಲಗೆ ಇಟ್ಟರೆ ಹೇಗೆ ಅಂತ ಭಾವ ಕೇಳಿದ್ದಾರೆ. ತಿರುಗಿಸುವಾಗ ಕಾಯಿಗಳು ಜಾರದ ಹಾಗೆ ಮೇಲೆ ಉಳಿದ ನಿಯೋಪ್ರೀನ್ ತುಂಡು ಅಂಟಿಸಿ ನೋಡುತ್ತಿದ್ದೇನೆ.