ಎಕ್ಸ್‌ಆರ್‌ಡಿಗೆ ಮುಂಚೆ ಪೋಸ್ನ್ಯಾಕೈಟ್: ಓಟಿಜಿ, ಮಿಲಿಗ್ರಾಂ ತಕ್ಕಡಿ ಮತ್ತು ನಾಲ್ಕು ಪರ್ಸೆಂಟಿನ ಲೆಕ್ಕ

"ಎಕ್ಸ್‌ಆರ್‌ಡಿ ಇಲ್ಲದೆ ಪೋಸ್ನ್ಯಾಕೈಟ್ ಅಂತ ಹೆಸರು ಹೇಳೋದು ಕವಡೆ ಶಾಸ್ತ್ರ ಕಣ್ರೀ." ಪೋಸ್ನ್ಯಾಕೈಟ್ ಅಂದರೆ ತಾಮ್ರದ ಒಂದು ನೀಲಿ ಖನಿಜ, ಎಕ್ಸ್‌ಆರ್‌ಡಿ ಅಂದರೆ ಎಕ್ಸ್-ರೇ ಹಾಯಿಸಿ ಹರಳಿನ ಜೋಡಣೆ ನೋಡುವ ಪರೀಕ್ಷೆ. ಕಲ್ಲು ಕೂಡಿಡುವ ನಮ್ಮ ಬಳಗದ ಹಿರಿಯರು, ಭೂವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರು, ಈ ಮಾತನ್ನು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಈಗ ಅವರೇ ತಮ್ಮ ಡಬ್ಬಿಯಿಂದ ನೀಲಿ ಚೂರುಗಳನ್ನು ಕಳಿಸಿ "ಇದೇನು ನೋಡಿ" ಅನ್ನುತ್ತಿದ್ದಾರೆ. ಹಾಗಾಗಿ ಮಾಡಿದ್ದನ್ನು ಬರೆದಿಡುತ್ತಿದ್ದೇನೆ.

ತೊಂದರೆ ನಿಮಗೆಲ್ಲ ಗೊತ್ತಿರುವುದೇ. ತಾಮ್ರದ ಹಸಿರು ಹಕ್ಕಳೆಗೆ ಆಸಿಡ್ ಹನಿ ಬಿಟ್ಟಾಗ ನೊರೆ ಬಂದರೆ ಮಲಕೈಟ್. ನೀರಲ್ಲಿ ಕರಗಿದರೆ ಚಾಲ್ಕಂಥೈಟ್, ಅಂದರೆ ನಮ್ಮ ಮೈಲುತುತ್ತವೇ. ಎರಡೂ ಅಲ್ಲದೆ, ಆಸಿಡ್‌ನಲ್ಲಿ ಸದ್ದಿಲ್ಲದೆ ಕರಗಿ, ಬೇರಿಯಂ ಕ್ಲೋರೈಡ್‌ಗೆ ಬಿಳಿಯಾದರೆ, ಅಂದರೆ ಸಲ್ಫೇಟ್ ಇದ್ದರೆ, ಆಗ ಶುರು ತಲೆನೋವು. ಬ್ರೋಶಾಂಟೈಟ್, ಆಂಟ್ಲೆರೈಟ್, ಲ್ಯಾಂಗೈಟ್, ಪೋಸ್ನ್ಯಾಕೈಟ್, ರೋವುಲ್ಫೈಟ್, ಡೆವಿಲೀನ್ ಎಲ್ಲ ಒಂದೇ ಮನೆಯವು. ಹಸಿರಿದ್ದರೆ ಬ್ರೋಶಾಂಟೈಟ್, ನೀಲಿಯಿದ್ದರೆ ಲ್ಯಾಂಗೈಟ್ ಅಂತ ಚೀಟಿ ಅಂಟಿಸಿ ಮಾರುವವರೇ ಜಾಸ್ತಿ. ಪುಸ್ತಕದಲ್ಲಿ ಪೋಸ್ನ್ಯಾಕೈಟ್‌ಗೆ ಗಡಸುತನ 2ರಿಂದ 3, ಸಾಂದ್ರತೆ 3.3 ಅಂತಿದೆ. ಬ್ರೋಶಾಂಟೈಟ್‌ಗೆ ಗಡಸುತನ 3.5ರಿಂದ 4, ಸಾಂದ್ರತೆ 4ರ ಹತ್ತಿರ. ಓದಲು ಚೆನ್ನಾಗಿದೆ. ಉಗುರಿನಷ್ಟು ದಪ್ಪವೂ ಇಲ್ಲದ ಹಕ್ಕಳೆಯ ಮೇಲೆ ಇದನ್ನೆಲ್ಲ ಅಳೆಯುವುದು ಹೇಗೆ?

ನನಗೆ ದಾರಿ ತೋರಿಸಿದ್ದು ಸ್ಟ್ರುಂಝ್ ವರ್ಗೀಕರಣ, ಅಂದರೆ ಖನಿಜಗಳನ್ನು ಅವುಗಳ ರಾಸಾಯನಿಕ ರಚನೆ ನೋಡಿ ಗುಂಪು ಮಾಡುವ ಪಟ್ಟಿ. ಸಲ್ಫೇಟ್‌ಗಳೆಲ್ಲ ಅದರಲ್ಲಿ 7ನೇ ಗುಂಪು. ಅದರೊಳಗೆ ಹೈಡ್ರಾಕ್ಸಿಲ್ (ಒಂದು ಆಮ್ಲಜನಕ, ಒಂದು ಜಲಜನಕದ ಜೋಡಿ) ಇದ್ದು ನೀರಿಲ್ಲದವು 'ಬಿ'. ನೀರಿದ್ದು ಹೈಡ್ರಾಕ್ಸಿಲ್ ಇಲ್ಲದವು 'ಸಿ'. ಎರಡೂ ಇರುವವು 'ಡಿ'. ಬ್ರೋಶಾಂಟೈಟ್, ಆಂಟ್ಲೆರೈಟ್ 'ಬಿ'ಯಲ್ಲಿ ಕೂತಿವೆ. ಮೈಲುತುತ್ತ 'ಸಿ'ಯಲ್ಲಿ. ಪೋಸ್ನ್ಯಾಕೈಟ್, ಲ್ಯಾಂಗೈಟ್, ಡೆವಿಲೀನ್ 'ಡಿ'ಯಲ್ಲಿ. ಬ್ರೋಶಾಂಟೈಟ್ ಅಂದರೆ ನಾಲ್ಕು ತಾಮ್ರ, ಒಂದು ಸಲ್ಫೇಟ್, ಆರು ಹೈಡ್ರಾಕ್ಸಿಲ್. ಅದಕ್ಕೆ ಒಂದು ನೀರು ಸೇರಿಸಿದರೆ ಪೋಸ್ನ್ಯಾಕೈಟ್ ಸೂತ್ರ, ಎರಡು ಸೇರಿಸಿದರೆ ಲ್ಯಾಂಗೈಟ್ ಸೂತ್ರ. ಅಂದ ಮೇಲೆ ನೀರನ್ನು ಓಡಿಸಿ ತೂಕ ನೋಡಿದರೆ ಮುಗೀತು, ಅಲ್ವಾ? ಪೋಸ್ನ್ಯಾಕೈಟ್‌ನಲ್ಲಿ ನೀರಿನ ಪಾಲು 3.8 ಪರ್ಸೆಂಟ್, ಲ್ಯಾಂಗೈಟ್‌ನಲ್ಲಿ 7.4. ಡೆವಿಲೀನ್‌ನಲ್ಲಿ ಕ್ಯಾಲ್ಸಿಯಂ ಜೊತೆಗೆ ಮೂರು ನೀರಿದೆ, 8.4 ಬರುತ್ತದೆ. ಬ್ರೋಶಾಂಟೈಟ್‌ನ ಹೈಡ್ರಾಕ್ಸಿಲ್ 300 ಡಿಗ್ರಿ ಹತ್ತಿರ ಹೋಗುವತನಕ ಅಲ್ಲಾಡುವುದಿಲ್ಲ. ಓಟಿಜಿಯಲ್ಲಿ, ಅಂದರೆ ಬೇಕಿಂಗ್ ಮಾಡುವ ಕರೆಂಟ್ ಒಲೆಯಲ್ಲಿ, 200ರಿಂದ 220 ಡಿಗ್ರಿಗೆ ಸುಟ್ಟರೆ ಇವು ತಾವೇ ಬೇರೆಬೇರೆಯಾಗಬೇಕು.

ಮೇಷ್ಟ್ರಿಗೆ ಹೇಳಿದೆ. "ಲೆಕ್ಕ ಸರಿ ಇದೆ, ಓಟಿಜಿ ಸರಿ ಇರಲ್ಲ" ಅಂದರು. ಅವರ ಮಾತೂ ಪೂರ್ತಿ ಸುಳ್ಳಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಖರ್ಚು. ಒಂದು ಮಿಲಿಗ್ರಾಂ ತೋರಿಸುವ ಆಭರಣದ ತಕ್ಕಡಿಗೆ ಎರಡೂವರೆ ಸಾವಿರದ ಆಸುಪಾಸು. ಹಳೆ ಓಟಿಜಿಗೆ ಸಾವಿರದ ಇನ್ನೂರೋ ಏನೋ ಕೊಟ್ಟೆ. ಅಡುಗೆಮನೆಯದನ್ನು ಮುಟ್ಟಬೇಡಿ, ಇದು ತಾಮ್ರದ ವಿಷ. ಬಿಸಿ ಅಳೆಯುವ ಥರ್ಮೋಕಪಲ್ ಮೀಟರಿಗೆ ಎಂಟುನೂರು ಚಿಲ್ಲರೆ. ಸಿಲಿಕಾ ಜೆಲ್, ಪಿಂಗಾಣಿ ಬಟ್ಟಲು, ಆಕ್ಸಲೇಟ್ ಎಲ್ಲ ಸೇರಿ ಇನ್ನೊಂದು ಸಾವಿರ. ಮೈಲುತುತ್ತ ಮಾತ್ರ ಪುಕ್ಕಟೆ. ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ, ಮಳೆಗಾಲಕ್ಕೆ ಮುಂಚೆ ಮನೆಯಲ್ಲಿ ಮೂಟೆಯೇ ಇರುತ್ತದೆ.

ವಿಧಾನ ಪರೀಕ್ಷಿಸಲು ಏನೆಂದು ಗೊತ್ತಿರುವ ಪುಡಿ ಬೇಕಲ್ಲ, ಶುರು ಮಾಡಿದ್ದೂ ಅಲ್ಲಿಂದಲೇ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತೋರಿಸಿಕೊಟ್ಟ ಕಾಲದಿಂದ ಮಲೆನಾಡಿನ ಮನೆಮನೆಯಲ್ಲೂ ಹೈಡ್ರಾಕ್ಸಿಲ್ ಇರುವ ತಾಮ್ರದ ಸಲ್ಫೇಟ್ ತಯಾರಾಗುತ್ತಿದೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಆ ನೀಲಿ ಗಸಿಯಲ್ಲಿ ಇದೇ ಬ್ರೋಶಾಂಟೈಟ್, ಪೋಸ್ನ್ಯಾಕೈಟ್ ಬಳಗವೂ ಇರಬಹುದು. ಔಷಧಿಯನ್ನು ಅವತ್ತೇ ಹೊಡೆದು ಮುಗಿಸಬೇಕು ಅನ್ನುತ್ತಾರಲ್ಲ, ಅದಕ್ಕೆ ಕಾರಣವೂ ಇಲ್ಲೇ ಇದೆ. ಇಟ್ಟಷ್ಟೂ ಕಣ ದೊಡ್ಡದಾಗಿ ಹರಳುಗಟ್ಟುತ್ತದೆ, ಗೊನೆಗೆ ಅಂಟುವುದಿಲ್ಲ. ಡ್ರಮ್ಮಿನ ಅಂಚಿನಲ್ಲಿ ಕಟ್ಟಿದ ಹಕ್ಕಳೆ ಕೆರೆದು ಸುಟ್ಟೆ. ತೂಕ ಹನ್ನೆರಡು ಪರ್ಸೆಂಟ್ ಇಳಿಯಿತು! ಮತ್ತೆ ಮಾಡಿದರೆ ಹದಿನಾಲ್ಕು. ಯಾವ ಖನಿಜಕ್ಕೂ ಹೊಂದದ ಸಂಖ್ಯೆ. ಬಳಗದಲ್ಲಿ ಒಂದಷ್ಟು ದಿನ ಇದೇ ತಮಾಷೆ.

ಕಾರಣ ಜಿಪ್ಸಂ. ಸುಣ್ಣ ಹಾಕಿದ ಮೇಲೆ ಜಿಪ್ಸಂ ಬಂದೇ ಬರುತ್ತದೆ. ಅದರಲ್ಲಿ ನೀರು ಸುಮಾರು 21 ಪರ್ಸೆಂಟ್, 200 ಡಿಗ್ರಿಗೆ ಎಲ್ಲ ಹೋಗುತ್ತದೆ. ಮೇಲಿಂದ ನಮ್ಮವರು ಅಂಟಲಿ ಅಂತ ರಾಳ ಬೇರೆ ಹಾಕಿರುತ್ತಾರೆ. ಜಿಪ್ಸಂ ತೊಳೆದು ತೆಗೆಯಲು ಬಕೆಟ್‌ಗಟ್ಟಲೆ ನೀರು ಸುರಿದೆ. ಅಷ್ಟರಲ್ಲಿ ನೀಲಿ ಇದ್ದದ್ದು ಹಸಿರಿಗೆ ತಿರುಗಿತು. ವಾಷಿಂಗ್ ಸೋಡಾ ಹಾಕಿದರೆ ಕಾರ್ಬೊನೇಟ್ ಆಗಿ ಮಲಕೈಟ್ ಕಡೆ ಹೋಗುತ್ತದೆ. ಕೊನೆಗೆ ಕಾಸ್ಟಿಕ್ ಸೋಡಾಕ್ಕೆ ಬಂದೆ.

ಅಳತೆ ಸುಲಭ. 25 ಗ್ರಾಂ ಮೈಲುತುತ್ತಕ್ಕೆ 6 ಗ್ರಾಂ ಕಾಸ್ಟಿಕ್, ಎರಡನ್ನೂ ಬೇರೆಬೇರೆ ತೆಳು ದ್ರಾವಣ ಮಾಡಿ. ಕಾಸ್ಟಿಕ್ ಜಾಸ್ತಿಯಾದರೆ ಹೈಡ್ರಾಕ್ಸೈಡ್ ಆಗಿ ಕೊನೆಗೆ ಕಪ್ಪಾಗುತ್ತದೆ. ಎರಡನ್ನೂ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ನಿಧಾನ ಹನಿಸಿ, ಬೇಗ ಸೋಸಿದರೆ ಪೋಸ್ನ್ಯಾಕೈಟ್. ಅದನ್ನೇ ಕುದಿಯುವ ದ್ರಾವಣದಲ್ಲಿ ಮಾಡಿದರೆ ಬ್ರೋಶಾಂಟೈಟ್. ಲೆಕ್ಕದ ಪ್ರಕಾರ ಹನ್ನೊಂದೂವರೆ ಗ್ರಾಂ ಮೇಲೆ ಸಿಗಬೇಕು, ನನಗೆ ಒಂಬತ್ತರ ಹತ್ತಿರ ಸಿಗುತ್ತದೆ. ಲೆನ್ಸಿನಲ್ಲಿ ಕಾಣುವಷ್ಟು ದೊಡ್ಡ ನೀಲಿ ಪದರ ಬೆಳೆಸುವುದಕ್ಕೆ ಹನಿಸುವ ಬಗೆ ಬೇರೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಸೋಸಿದ ಮೇಲೆ ತೊಳೆಯುವುದು ಬರೀ ನೀರಿನಿಂದಲ್ಲ ಅಂತ ಮಾತ್ರ ಹೇಳುತ್ತೇನೆ.

ಈಗ ಓಟಿಜಿ ಕಥೆ. ಗುಂಡಿ 200ಕ್ಕೆ ಇಟ್ಟರೆ ಮೀಟರ್ 170 ತೋರಿಸುತ್ತದೆ, ನೋಡನೋಡುತ್ತ 250. ಕಾಯಿಲ್ ಕೆಂಪಾದಾಗ ಬಟ್ಟಲಿನ ಮೇಲ್ಪದರ ಇನ್ನೂ ಜಾಸ್ತಿ ಕಾಯುತ್ತದೆ. ಶುರುವಿನಲ್ಲಿ ಒಂದೇ ಪುಡಿಗೆ ಒಂದು ಸಲ ಎರಡು ಪರ್ಸೆಂಟ್, ಇನ್ನೊಂದು ಸಲ ಆರು. ತಟ್ಟೆ ತುಂಬ ಮರಳು ಹಾಕಿ, ಬಟ್ಟಲನ್ನು ಅದರಲ್ಲಿ ಅರ್ಧ ಹೂತು, ಮೇಲೆ ಒಂದು ಟೈಲ್ಸ್ ಚೂರು ಮುಚ್ಚಿದೆ. ಥರ್ಮೋಕಪಲ್ ತುದಿಯನ್ನೂ ಮರಳಲ್ಲೇ ಇಟ್ಟೆ. ಆಮೇಲೆ ಏರಿಳಿತ ಐದಾರು ಡಿಗ್ರಿಗೆ ಬಂತು.

ಎರಡನೇ ಕಾಟ ಮಲೆನಾಡಿನ ಗಾಳಿ. ಜುಲೈನಲ್ಲಿ ಪುಡಿ ತೂಗುತ್ತಿದ್ದ ಹಾಗೇ ಕೊನೆಯ ಅಂಕಿ ಮೇಲೆ ಹತ್ತುತ್ತದೆ. ಬರೀ ಬ್ರೋಶಾಂಟೈಟೇ ಎರಡು ಪರ್ಸೆಂಟ್ ಕಳೆದುಕೊಂಡ ಹಾಗೆ ಕಾಣುತ್ತದೆ. ಮೊದಲು ಸಿಲಿಕಾ ಜೆಲ್ ಡಬ್ಬಿಯಲ್ಲಿ ತೂಕ ನಿಲ್ಲುವತನಕ ಇಡಬೇಕು. ಸುಟ್ಟ ಮೇಲೂ ಅದೇ ಡಬ್ಬಿಯಲ್ಲಿ ಆರಿಸಿ, ತೆಗೆದ ತಕ್ಷಣ ತೂಗಬೇಕು. ಮೇಲಿನ ತೇವ ಮತ್ತು ಒಳಗಿನ ನೀರನ್ನು ಬೇರೆ ಮಾಡಲು ನಾನು ಕಡಿಮೆ ಉಷ್ಣತೆಯ ಇನ್ನೊಂದು ಹಂತ ಇಟ್ಟುಕೊಂಡಿದ್ದೇನೆ. ಅದರ ಡಿಗ್ರಿ ನನ್ನ ಹತ್ತಿರವೇ ಇರಲಿ, ನೀವೂ ಸ್ವಲ್ಪ ಸುಟ್ಟು ನೋಡಿ.

ಅರ್ಧ ಗ್ರಾಂ ಪುಡಿ ತಗೊಂಡರೆ ಪೋಸ್ನ್ಯಾಕೈಟ್ ಸುಮಾರು 19 ಮಿಲಿಗ್ರಾಂ ಇಳಿಯಬೇಕು. ನನಗೆ 18ರಿಂದ 21. ಬ್ರೋಶಾಂಟೈಟ್ ಎರಡು ಮೂರು ಮಿಲಿಗ್ರಾಂ ದಾಟುವುದಿಲ್ಲ. ಟೈಲ್ಸ್ ಚೂರು ಸರಿಸಿ, ಓಟಿಜಿ ಬಾಗಿಲಿನ ಗಾಜಿನಲ್ಲಿ ನೋಡುತ್ತ ಕೂತರೆ ಇನ್ನೊಂದು ಗುರುತೂ ಸಿಗುತ್ತದೆ. ಪೋಸ್ನ್ಯಾಕೈಟ್ ಪುಡಿಯ ತಿಳಿನೀಲಿ ಮೊದಲು ಬಟ್ಟಲಿನ ಗೋಡೆ ತಾಗಿದ ಕಡೆ ಹಸಿರಾಗುತ್ತದೆ. ಆ ಹಸಿರು ಬಳೆ ಒಳಗೆ ಒಳಗೆ ಬರುತ್ತ ನಡುವಿನ ನೀಲಿ ಚುಕ್ಕಿ ಕಾಳಿನಷ್ಟಾಗಿ ಮಾಯವಾಗುತ್ತದೆ. ಬ್ರೋಶಾಂಟೈಟ್ ಇದ್ದ ಹಸಿರಲ್ಲೇ ಸುಮ್ನೆ ಕೂತಿರುತ್ತದೆ.

ಮೇಷ್ಟ್ರು ಇಷ್ಟಕ್ಕೆಲ್ಲ ಒಪ್ಪುವವರಲ್ಲ. ನನ್ನ ಪುಡಿಗಳನ್ನೇ ಬೇರೆ ಸೀಸೆಗೆ ಹಾಕಿ, ತಮ್ಮ ಹಳೆಯ ಚೂರಿನ ಪುಡಿಯನ್ನೂ ಸೇರಿಸಿ, ಬರೀ ನಂಬರ್ ಬರೆದು ಕೊಟ್ಟರು. ಅದೇ ಪುಡಿಗಳು ಅತ್ತ ಎಕ್ಸ್‌ಆರ್‌ಡಿಗೂ ಹೋದವು, ಒಂದಕ್ಕೆ ಸಾವಿರದ ಹತ್ತಿರ, ಅರ್ಧ ದುಡ್ಡು ನನ್ನದು. ಒಂದು ಸೀಸೆ 2.9 ಪರ್ಸೆಂಟ್ ಇಳಿಯಿತು. "ಇದು ಕಲಬೆರಕೆ, ಮುಕ್ಕಾಲು ಪೋಸ್ನ್ಯಾಕೈಟ್, ಕಾಲು ಬ್ರೋಶಾಂಟೈಟ್" ಅಂತ ಬರೆದು ಕೊಟ್ಟೆ. ಮೇಷ್ಟ್ರ ಚೂರು 40 ಮಿಲಿಗ್ರಾಂ ಇತ್ತು ಅಷ್ಟೆ. ಅದಕ್ಕೆ ನನ್ನ ತಕ್ಕಡಿ ಸಾಲದು. ಪರಿಚಯದ ಕಾಲೇಜೊಂದರ ಇನ್ನೂ ಸೂಕ್ಷ್ಮವಾದ ಅನಲಿಟಿಕಲ್ ತಕ್ಕಡಿ ಒಂದು ಮಧ್ಯಾಹ್ನ ಸಿಕ್ಕಿತು. ಇಳಿದದ್ದು ಮೂರು ಮಿಲಿಗ್ರಾಂ, ಅಂದರೆ ಏಳರ ಮೇಲೆ.

ಏಳರ ಮೇಲೆ ಬಂದಾಗ ಡೆವಿಲೀನ್ ಇರಬಹುದಾ ಅಂತ ನೋಡಲೇಬೇಕು. ಕಣ್ಣಿಗೆ ಎರಡೂ ಆಕಾಶನೀಲಿ. ಒಂದು ಕಣ ದುರ್ಬಲ ಹೈಡ್ರೋಕ್ಲೋರಿಕ್‌ನಲ್ಲಿ ಕರಗಿಸಿ, ಕಡುನೀಲಿಯಾಗುವತನಕ ಅಮೋನಿಯಾ ಹಾಕಿ, ಅಮೋನಿಯಂ ಆಕ್ಸಲೇಟ್ ಒಂದು ಹನಿ ಬಿಡಿ. ತಾಮ್ರ ದ್ರಾವಣದಲ್ಲೇ ಉಳಿಯುತ್ತದೆ, ಕ್ಯಾಲ್ಸಿಯಂ ಇದ್ದರೆ ಬಿಳಿ ಮಂಜು ಕಟ್ಟುತ್ತದೆ. ಕಡುನೀಲಿಯಲ್ಲಿ ಮಂಜು ಕಾಣುವುದಿಲ್ಲ ಅನ್ನುವವರು ನೀರು ಸೇರಿಸಿ ತೆಳು ಮಾಡಿ, ಹಿಂದೆ ಕಪ್ಪು ಕಾಗದ ಹಿಡಿಯಿರಿ. ಜಿಪ್ಸಂ ಅಂಟಿದ್ದರೂ ಮಂಜು ಬರುತ್ತದೆ, ಆದ್ದರಿಂದ ಕಣವನ್ನು ಲೆನ್ಸಿನಲ್ಲಿ ಆರಿಸಿ. ಮೇಷ್ಟ್ರ ಚೂರಿಗೆ ಮಂಜು ಬರಲಿಲ್ಲ. "ಲ್ಯಾಂಗೈಟ್ ಅಥವಾ ರೋವುಲ್ಫೈಟ್, ಎರಡಕ್ಕೂ ಸೂತ್ರ ಒಂದೇ, ತಕ್ಕಡಿ ಇದಕ್ಕಿಂತ ಮುಂದೆ ಹೋಗಲ್ಲ" ಅಂತ ಬರೆದೆ.

ರಿಪೋರ್ಟ್ ಬಂತು, ಎಲ್ಲ ಬ್ರೋಶಾಂಟೈಟ್! ಬಳಗದಲ್ಲಿ ನಗು. ನನಗೆ ಅನುಮಾನ ಬಂದು ಫೋನ್ ಮಾಡಿ ಕೇಳಿದರೆ, ಬಂದ ಪುಡಿಯನ್ನೆಲ್ಲ ರಾತ್ರಿಯಿಡೀ ಬಿಸಿ ಓವನ್‌ನಲ್ಲಿ ಒಣಗಿಸುವುದು ಅಲ್ಲಿನ ಪದ್ಧತಿಯಂತೆ. ಎಷ್ಟು ಡಿಗ್ರಿ ಅಂದರೆ ಉತ್ತರವಿಲ್ಲ. ನಾವು ಹುಡುಕುತ್ತಿರುವ ನೀರನ್ನೇ ಓಡಿಸಿ ಆಮೇಲೆ ಹುಡುಕಿದ್ದಾರೆ. ಮತ್ತೆ ದುಡ್ಡು ಕಟ್ಟಿ, ಸೀಸೆ ಮೇಲೆ "ಬಿಸಿ ಮಾಡಬಾರದು" ಅಂತ ಕೆಂಪಕ್ಷರದಲ್ಲಿ ಬರೆದು ಬೇರೆ ಕಡೆ ಕಳಿಸಿದೆವು. ಈ ಸಲ ಪೋಸ್ನ್ಯಾಕೈಟ್‌ನ ದೊಡ್ಡ ಗೆರೆ ಏಳು ಆಂಗ್‌ಸ್ಟ್ರಾಂ (ಹರಳಿನ ಪದರಗಳ ನಡುವಿನ ಅಂತರದ ಅಳತೆ) ಹತ್ತಿರ ನೆಟ್ಟಗೆ ನಿಂತಿತ್ತು. ಬ್ರೋಶಾಂಟೈಟ್‌ನದು 6.4ರ ಹತ್ತಿರ. ಕಲಬೆರಕೆ ಅಂದಿದ್ದ ಸೀಸೆಯಲ್ಲಿ ಎರಡೂ ಗೆರೆ ಇದ್ದವು. ಮೇಷ್ಟ್ರ ಚೂರು ಲ್ಯಾಂಗೈಟ್. ಅವರು ಹೊಗಳಲಿಲ್ಲ, "ಆ ಮರಳಿನ ತಟ್ಟೆ ಎಷ್ಟು ದೊಡ್ಡದು" ಅಂತ ಕೇಳಿದರು. ನನಗೆ ಅಷ್ಟೇ ಸಾಕು.

ಈ ಧೈರ್ಯದಲ್ಲಿ ಹಿಂದೆ ಕೊಂಡಿದ್ದ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಚೂರು ಹೊರಗೆ ತೆಗೆದೆ. ಮೂವತ್ತೈದು ಪೌಂಡ್, ಮೇಲೆ ಅಂಚೆ, ಕಸ್ಟಮ್ಸ್. ಚೀಟಿಯಲ್ಲಿ ಲ್ಯಾಂಗೈಟ್ ಅಂತಿತ್ತು. ಹಿಂಬದಿಯಿಂದ ಕೆರೆದು ಅದೇ ಕಾಲೇಜು ತಕ್ಕಡಿಯಲ್ಲಿ ನೋಡಿದರೆ ಮೂರೂವರೆ ಪರ್ಸೆಂಟ್ ಮೇಲೆ, ಕ್ಯಾಲ್ಸಿಯಂ ಇಲ್ಲ. ಪೋಸ್ನ್ಯಾಕೈಟ್! ಕಝಾಕಿಸ್ತಾನದ ನೂರಾ-ತಾಲ್ದಿಯ ಟಂಗ್‌ಸ್ಟನ್ ನಿಕ್ಷೇಪದಿಂದ 1967ರಲ್ಲಿ ಹೆಸರಾದ ಈ ಖನಿಜ ಕಾರ್ನ್‌ವಾಲ್ ಗಣಿಗಳಲ್ಲೂ ಸಿಗುತ್ತದೆ, ಆದ್ದರಿಂದ ಆಶ್ಚರ್ಯವೇನಿಲ್ಲ. ಚಿತ್ರದುರ್ಗದ ಇಂಗಳದಾಳು ತಾಮ್ರದ ಗಣಿಯದು ಅಂತ ಸ್ನೇಹಿತರೊಬ್ಬರು ಕೊಟ್ಟಿದ್ದ ಹಸಿರು ಕಲೆಯ ಕಲ್ಲಿನ ಮೇಲೂ ಆಸೆಯಿಟ್ಟಿದ್ದೆ. ಆಸಿಡ್ ತಾಗಿದ ಕೂಡಲೇ ಬುಸ್ ಅಂತು. ಮಲಕೈಟ್.

ಆಂಟ್ಲೆರೈಟ್ ವಿಷಯ ಇನ್ನೂ ಬಾಕಿ. ಅದರಲ್ಲೂ ನೀರಿಲ್ಲ, ಓಟಿಜಿಯಲ್ಲಿ ಬ್ರೋಶಾಂಟೈಟ್ ಥರವೇ ಕೂತಿರುತ್ತದೆ. ತಾಮ್ರದ ಪಾಲಿನಲ್ಲಿ ಮಾತ್ರ ವ್ಯತ್ಯಾಸ, ಆಂಟ್ಲೆರೈಟ್‌ನಲ್ಲಿ 53.7 ಪರ್ಸೆಂಟ್, ಬ್ರೋಶಾಂಟೈಟ್‌ನಲ್ಲಿ 56.2. ಅಯೋಡೈಡ್ ಹಾಕಿ, ಹೊರಬಂದ ಅಯೋಡಿನ್ನಿಗೆ ಎಷ್ಟು ಹೈಪೋ ಬೇಕು ಅಂತ ಅಳೆದರೆ (ಟೈಟ್ರೇಶನ್) ಹಿಡಿಯಬಹುದು, ಕೈ ಪಳಗಿರಬೇಕು. ಹೋಲಿಕೆಗೆ ಒಂದಿಷ್ಟು ಆಂಟ್ಲೆರೈಟ್ ಮಾಡೋಣ ಅಂತ, ಮೈಲುತುತ್ತ ಹೆಚ್ಚಿಗೆ ಇಟ್ಟ ಹುಳಿ ದ್ರಾವಣವನ್ನು ಗಾಜಿನ ಜಾಡಿಯಲ್ಲಿ ಮುಚ್ಚಿ ಹಳೆ ಕುಕ್ಕರಿನಲ್ಲಿ ಬೇಯಿಸಿದೆ. ಜಾಡಿ ಸೋರಿತು. ಅಲ್ಯೂಮಿನಿಯಂ ಕುಕ್ಕರಿನ ತಳದಲ್ಲಿ ಕೆಂಪು ತಾಮ್ರ ಕೂತು, ಕೆಳಗೆಲ್ಲ ಕಪ್ಪು ತೂತು. ಹೊಸ ಕುಕ್ಕರಿಗೆ ಎರಡು ಸಾವಿರ ಹೋಯಿತು, ಈ ಪ್ರಯೋಗಗಳಲ್ಲಿ ಮನೆಯವರ ನೆನಪಲ್ಲಿ ಉಳಿದಿರುವುದು ಅದೊಂದೇ. ಈಗ ದಪ್ಪ ಸ್ಕ್ರೂ ಮುಚ್ಚಳದ ಬಾಟಲಿ ಹುಡುಕುತ್ತಿದ್ದೇನೆ.

ಮಾಡುವವರಿಗೆ ಇನ್ನೊಂದು ಮಾತು. ತಯಾರಿಸಿದ ಪೋಸ್ನ್ಯಾಕೈಟನ್ನು ಅದರ ನೀರಲ್ಲೇ ಬಿಡಬೇಡಿ. ಒಂದು ಪಾಲನ್ನು ಹಾಗೇ ಸೀಸೆಯಲ್ಲಿ ಕಿಟಕಿ ಪಕ್ಕ ಬಿಟ್ಟಿದ್ದೆ. ಬೇಸಿಗೆ ಸೆಖೆಗೆ ಕೆಲವೇ ವಾರದಲ್ಲಿ ಹಸಿರಾಯಿತು, ಸುಟ್ಟರೆ ಒಂದು ಪರ್ಸೆಂಟೂ ಇಳಿಯಲಿಲ್ಲ. ಅದೇ ದಿನ ಸೋಸಿ ಒಣಗಿಸಿದ ಪಾಲು ಇವತ್ತಿಗೂ ನೀಲಿಯಾಗೇ ಇದೆ, ಮೊನ್ನೆ ತೂಗಿ ಸುಟ್ಟಾಗಲೂ 3.7 ಬಂತು.